ಕೌನ್ಸಿಲರಮ್ಮನ ಬಿಟ್ಟಿ ಚಹಾ

ಮನುಷ್ಯನ ಕುತೂಹಲಗಳಲ್ಲೆಲ್ಲ ತೀರಾ ಹಳೆಯದು ಪಕ್ಕದವನ ತಟ್ಟೆಯಲ್ಲಿ ಏನಿದೆ ಎಂಬುದೇ ಇರಬೇಕು. ಮದುವೆ ಊಟದ ಪಂಕ್ತಿಯಲ್ಲಿ ಕೂತವನು ತನ್ನ ಎಲೆಗೆ ಬಿದ್ದ ಹೋಳಿಗೆಯನ್ನು ಮುಟ್ಟುವ ಮೊದಲು ಎದುರು ಸಾಲಿನವನಿಗೆ ತುಪ್ಪ ಎಷ್ಟು ಬಿತ್ತು ಎಂದು ನೋಡುತ್ತಾನೆ. ನಾನಂತೂ ನೋಡುತ್ತೇನೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ನನ್ನ ಹೆಂಡತಿ ಶೈಲಾ ಈ ವಿಷಯವನ್ನು ಐರ್ಲೆಂಡಿನ ಕನ್ನಡಿಗರಿಗೆಲ್ಲ ಆಗಲೇ ಹೇಳಿ ಮುಗಿಸಿದ್ದಾಳೆ. ಕೊರೋನಾ ಬಂದು ನಮ್ಮನ್ನೆಲ್ಲ ಮನೆಯೊಳಗೆ ಕೂಡಿಹಾಕಿದಾಗ ಈ ನನ್ನ ಗುಣಕ್ಕೆ ದೊಡ್ಡ ಪೆಟ್ಟು ಬಿತ್ತು. ಮನೆಯಿಂದ ಐದು ಕಿಲೋಮೀಟರ್ ಆಚೆ ಹೋಗುವಂತಿಲ್ಲ, ಯಾರ ಮನೆಯ ಹೊಸ್ತಿಲನ್ನೂ ದಾಟುವಂತಿಲ್ಲ. ನೋಡಲು ಉಳಿದದ್ದು ನನ್ನದೇ ತಟ್ಟೆ. ಅದರಲ್ಲಿ ಏನಿರುತ್ತದೆ ಎಂದು ನನಗೆ ಮೊದಲೇ ಗೊತ್ತಿರುತ್ತಿತ್ತು, ಏಕೆಂದರೆ ಅಡುಗೆ ಮಾಡುತ್ತಿದ್ದವನು ನಾನೇ.

ಅಡುಗೆ ನನ್ನ ತಲೆಗೆ ಬಂದದ್ದಕ್ಕೆ ಕಾರಣವಿತ್ತು. ಶೈಲಾ ಟಾಲಾದ ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಆ ದಿನಗಳಲ್ಲಿ ಅವಳಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ನಾನಾದರೋ ಲೀಕ್ಸ್‌ಲಿಪ್ ಕಡೆಯ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಬರೆಯುವವನು, ಇಸ್ತ್ರಿ ಮಾಡುವ ಮೇಜನ್ನೇ ಆಫೀಸು ಮಾಡಿಕೊಂಡು ಮಲಗುವ ಕೋಣೆಯಲ್ಲಿ ಕೂತಿದ್ದೆ. ಮೇನೂತ್‌ಗೆ ಹತ್ತಿರದ ಒಂದು ಪುಟ್ಟ ಊರಿನಲ್ಲಿ ನಮ್ಮ ಮನೆ. ಶೈಲಾಳ ಡ್ರೈವಿಂಗ್ ಟೆಸ್ಟು ಕೊರೋನಾದಿಂದ ಮುಂದಕ್ಕೆ ಹೋಗಿ, ಹೋಗಿ, ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ಹಾಗಾಗಿ ಅವಳದು ಬಸ್ಸಿನ ಓಡಾಟ. ಬಸ್ ಸ್ಟಾಪಿನಿಂದ ನಮ್ಮ ಬಡಾವಣೆಗೆ ಬರಲು ಇರುವುದು ಒಂದು ಕಾಲುದಾರಿ. ಒಂದು ಕಡೆ ಮನೆಗಳ ಹಿತ್ತಲ ಗೋಡೆ, ಇನ್ನೊಂದು ಕಡೆ ಮುಳ್ಳುಬೇಲಿ, ಉದ್ದಕ್ಕೂ ಒಂದೇ ಒಂದು ದೀಪವಿಲ್ಲ. ಇಲ್ಲಿಯ ಚಳಿಗಾಲದಲ್ಲಿ ಮಕ್ಕಳು ಸ್ಕೂಲಿನಿಂದ ಬಂದು ಹಾಲು ಕುಡಿಯುವಷ್ಟರಲ್ಲಿ ಕತ್ತಲಾಗಿರುತ್ತದೆ. ಒಂದು ಸಂಜೆ ಶೈಲಾ ಆ ದಾರಿಯ ಒದ್ದೆ ಎಲೆಗಳ ಮೇಲೆ ಜಾರಿ ಬಿದ್ದು, ಪಾದ ಉಳುಕಿಸಿಕೊಂಡು, ಗೋಡೆ ಹಿಡಿದುಕೊಂಡು ಮನೆಗೆ ಬಂದಳು. ಆ ಹೊತ್ತಿನಲ್ಲಿ ನಾನು ಅಮೆರಿಕದವರೊಂದಿಗೆ ಮೀಟಿಂಗಿನಲ್ಲಿದ್ದೆ. ಬಾಗಿಲಲ್ಲಿ ಅವಳ ಮುಖ ನೋಡಿದಾಗ ನನಗೆ ನಿಜಕ್ಕೂ ಹೆದರಿಕೆಯಾಯಿತು. ಮಾರನೆಯ ದಿನ ಅವಳು ಕುಂಟುತ್ತಲೇ ಕೆಲಸಕ್ಕೆ ಹೋದಳು. ನಾನು ನಮ್ಮ ಭಾಗದ ಕೌನ್ಸಿಲರುಗಳಿಗೆಲ್ಲ, ದಾರಿಗೆ ದೀಪ ಹಾಕಿಸಿಕೊಡಿ ಎಂದು ಮೇಲ್ ಕಳಿಸಿದೆ.

ಉತ್ತರ ಬರೆದವರು ಒಬ್ಬರೇ, ಬ್ರೀಡಾ ಎಂಬ ನಿವೃತ್ತ ಟೀಚರು. ದೀಪದ ವಿಷಯವನ್ನು ಮುಂದಿನ ಸಭೆಗೆ ಹಾಕಿಸಿದ್ದೇನೆ, ಅದಕ್ಕೂ ಮೊದಲು ಒಮ್ಮೆ ಬಂದು ದಾರಿ ನೋಡುತ್ತೇನೆ ಎಂದು ಬರೆದಿದ್ದರು. ಸಂತೋಷದಿಂದ ಸಭೆಯ ವಿಷಯಪಟ್ಟಿಯನ್ನು ತೆರೆದು ನೋಡಿದೆ. ನಮ್ಮ ದೀಪ ಎಲ್ಲಕ್ಕಿಂತ ಕೊನೆಯಲ್ಲಿತ್ತು. ಅದರ ನೆತ್ತಿಯ ಮೇಲೆಯೇ ಇನ್ನೊಂದು ವಿಷಯ ಕೂತಿತ್ತು: ಸಭೆಗೆ ಬರುವ ಕೌನ್ಸಿಲರುಗಳಿಗೆ ಬಿಟ್ಟಿ ಚಹಾ ತಿಂಡಿ ಮುಂದುವರಿಸಬೇಕೇ, ಮನೆಯಲ್ಲೇ ಕೂತು ಪರದೆಯ ಮೇಲೆ ಹಾಜರಾಗುವವರಿಗೂ ಪ್ರಯಾಣಭತ್ಯೆ ಕೊಡಬೇಕೇ. ಚಹಾ ತಿಂಡಿ ಮುಂದುವರಿಯಲಿ ಎಂದು ಠರಾವು ಮಂಡಿಸುತ್ತಿದ್ದವರು ಇದೇ ಬ್ರೀಡಾ.

ದೀಪದ ಚಿಂತೆಯಲ್ಲಿದ್ದ ನನಗೆ ಅಲ್ಲಿಂದ ಬೇರೆ ಚಿಂತೆ ಹತ್ತಿಕೊಂಡಿತು. ಇವರು ಸಭೆಯಲ್ಲಿ ತಿನ್ನುವುದಾದರೂ ಏನು? ಹಳೆಯ ಸಭೆಗಳ ವಿಡಿಯೋಗಳು ವೆಬ್‌ಸೈಟಿನಲ್ಲಿದ್ದವು. ಒಂದೊಂದಾಗಿ ನೋಡತೊಡಗಿದೆ. ಕೊರೋನಾದ ದೆಸೆಯಿಂದ ಸಭೆಯನ್ನು ಒಂದು ಹೋಟೆಲಿನ ಮದುವೆ ಹಾಲಿಗೆ ಸಾಗಿಸಿದ್ದರು. ಒಬ್ಬೊಬ್ಬರಿಗೂ ಒಂದೊಂದು ಮೇಜು, ಪರೀಕ್ಷೆಗೆ ಕೂರಿಸಿದಂತೆ ದೂರದೂರ. ಉಳಿದವರು ತಂತಮ್ಮ ಮನೆಯಿಂದ ಪರದೆಯ ಮೇಲೆ. ಚರಂಡಿಯ ಬಗ್ಗೆ ಯಾರೋ ಮಾತಾಡುತ್ತಿದ್ದರೆ ನಾನು ವಿಡಿಯೋ ನಿಲ್ಲಿಸಿ, ದೊಡ್ಡದು ಮಾಡಿ, ಅವರ ಮುಂದಿನ ತಟ್ಟೆ ನೋಡುತ್ತಿದ್ದೆ. ಸ್ಕೋನ್ ಎಂಬ ಸಣ್ಣ ಬನ್ನಿನಂಥ ತಿಂಡಿ ಇತ್ತು. ತ್ರಿಕೋನಾಕಾರದ ಸ್ಯಾಂಡ್‌ವಿಚ್ ಇತ್ತು, ಒಳಗೆ ಮೊಟ್ಟೆಯೋ ಹ್ಯಾಮೋ ಎಂಬುದು ಮಾತ್ರ ಎಷ್ಟು ದೊಡ್ಡದು ಮಾಡಿದರೂ ಗೊತ್ತಾಗಲಿಲ್ಲ. ಒಬ್ಬ ಕೌನ್ಸಿಲರ್ ಟಿಶ್ಯೂ ಕಾಗದದಲ್ಲಿ ಏನನ್ನೋ ಸುತ್ತಿ ಕೋಟಿನ ಜೇಬಿಗಿಳಿಸಿದ್ದನ್ನೂ ಪತ್ತೆ ಹಚ್ಚಿದೆ. ನಾಗರಿಕನಾಗಿ ನನ್ನ ರಕ್ತ ಕುದಿಯಿತು. ನಮ್ಮ ತೆರಿಗೆಯ ದುಡ್ಡಿನ ಸ್ಕೋನ್!

ಅದೇ ಹೊತ್ತಿಗೆ ಬಾಗಿಲ ಬೆಲ್ ಆಯಿತು. ನನ್ನ ಕಂಪನಿ ಆಗ ತಿಂಗಳಿಗೊಮ್ಮೆ ಉದ್ಯೋಗಿಗಳ ಮನೆಗೆ ಕೊರಿಯರಿನಲ್ಲಿ ತಿಂಡಿಯ ಡಬ್ಬಿ ಕಳಿಸುತ್ತಿತ್ತು, ಎಲ್ಲರೂ ಅವರವರ ಮನೆಯಲ್ಲಿ ಕೂತು ಒಟ್ಟಿಗೆ ತಿಂದಂತೆ ಆಗಲಿ ಎಂದು. ಮಫಿನ್ ಕಚ್ಚುತ್ತ ಬಂದು ಶೈಲಾಳಿಗೆ ಕೌನ್ಸಿಲರುಗಳ ಅನಾಚಾರವನ್ನು ವರ್ಣಿಸಿದೆ. ಅವಳು ಸೋಫಾದಲ್ಲಿ ಕಾಲು ಚಾಚಿಕೊಂಡು, ಉಳುಕಿದ ಪಾದಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡಿದ್ದಳು.

"ನೀವು ತಿಂತಿರೋದು ಯಾರ ದುಡ್ಡಿಂದು?" ಎಂದಳು.

"ಇದು ಕಂಪನಿದು ಕಣೇ. ಅದು ಸಾರ್ವಜನಿಕರ ದುಡ್ಡು. ವ್ಯತ್ಯಾಸ ಇದೆ."

"ಇದೆ ಇದೆ. ಅದನ್ನ ಅವರು ತಿಂತಾರೆ, ಇದನ್ನ ನೀವು ತಿಂತೀರ. ರೀ, ಅವರ ಸ್ಯಾಂಡ್‌ವಿಚ್ ಬಿಟ್ಟು ಆ ದೀಪದ ಕಡೆ ಸ್ವಲ್ಪ ಗಮನ ಕೊಡ್ತೀರಾ? ಇನ್ನೊಂದ್ಸಲ ಬಿದ್ರೆ ನಾನು ರಜ ಹಾಕೋ ಹಾಗಿಲ್ಲ. ಲ್ಯಾಬಲ್ಲಿ ಈಗಲೇ ಜನ ಇಲ್ಲ."

ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ನಾನು ಉಳಿದ ಮಫಿನ್ ಅನ್ನು ಡಬ್ಬಿಯೊಳಗಿಟ್ಟೆ.

ಬ್ರೀಡಾ ಬಂದದ್ದು ಜಿಟಿಜಿಟಿ ಮಳೆಯ ಒಂದು ಸಂಜೆ. ಗಿಡ್ಡನೆಯ ಹೆಂಗಸು, ಹಸಿರು ರೇನ್‌ಕೋಟು, ಕೈಯಲ್ಲಿ ಟಾರ್ಚು. ಒಬ್ಬರೇ ಕಾಲುದಾರಿಯ ಆ ತುದಿಯಿಂದ ಈ ತುದಿಯವರೆಗೂ ನಡೆದು ನೋಡಿ ಬಂದು, ನಮ್ಮ ಬಾಗಿಲಿನಿಂದ ಎರಡು ಮೀಟರ್ ದೂರದಲ್ಲಿ, ಸರಿಯಾಗಿ ಸೂರಿನ ನೀರು ಬೀಳುವ ಕಡೆ ನಿಂತರು. ದಾರಿ ಅಪಾಯಕಾರಿಯಾಗಿದೆ, ಖಂಡಿತ ಮಾತಾಡುತ್ತೇನೆ ಎಂದರು. ಅಷ್ಟಕ್ಕೆ ನಾನು ಕೈಮುಗಿದು ಕಳಿಸಬೇಕಿತ್ತು. ಆದರೆ ವಿಡಿಯೋಗಳನ್ನೆಲ್ಲ ನೋಡಿದ ವಿದ್ಯೆ ನನ್ನನ್ನು ಸುಮ್ಮನಿರಲು ಬಿಡಲಿಲ್ಲ. ಚಹಾ ತಿಂಡಿಯ ಠರಾವಿನ ಮಾತೆತ್ತಿದೆ. ಜನಸೇವೆ ಎಂದರೇನು, ಸರಳತೆ ಎಂದರೇನು, ಕಷ್ಟಕಾಲದಲ್ಲಿ ನಾಯಕರು ಹೇಗೆ ಮೇಲ್ಪಂಕ್ತಿ ಹಾಕಿಕೊಡಬೇಕು ಎಂದು ಒಳಗೆ ಬೆಚ್ಚಗೆ ನಿಂತು ವಿವರಿಸಿದೆ. ಅವರು ಟೋಪಿಯಿಂದ ನೀರಿಳಿಸಿಕೊಳ್ಳುತ್ತ, ಬಹಳ ಮನಸ್ಸಿಟ್ಟು ಕೇಳಿದರು. ಒಳಗಡೆಯಿಂದ ಶೈಲಾ, "ರೀ, ಬಂದವರನ್ನ ಬಾಯಿಮಾತಿಗಾದ್ರೂ ಟೀ ಕುಡೀತೀರಾ ಅಂತ ಕೇಳಬಾರದಾ?" ಎಂದು ಕೂಗಿದಳು. ಕನ್ನಡದಲ್ಲಿ ಕೂಗಿದ್ದರಿಂದ ಮಾನ ಉಳಿಯಿತು. ನಾನು ಕೇಳಿದೆ. "ಬೇಡ ಬೇಡ, ಐಯಾಮ್ ಗ್ರ್ಯಾಂಡ್," ಎಂದರು ಬ್ರೀಡಾ, ನಾನು ಹೀಗೇ ಚೆನ್ನಾಗಿದ್ದೇನೆ ಎಂಬ ಅರ್ಥದಲ್ಲಿ. "ಸರಿ ಹಾಗಾದರೆ," ಎಂದೆ. ಅವರು ಇನ್ನೂ ಕೊಂಚ ಹೊತ್ತು ಅಲ್ಲೇ ನಿಂತಿದ್ದರು, ಆಮೇಲೆ ಮಳೆಯಲ್ಲಿ ಹೊರಟುಹೋದರು.

ಬಾಗಿಲು ಹಾಕಿದ್ದೇ ತಡ, ಮೆಟ್ಟಿಲ ಮೇಲೆ ಕೂತು ಎಲ್ಲವನ್ನೂ ನೋಡಿದ್ದ ಮಗಳು ಪ್ರಣತಿ ಹಣೆ ಚಚ್ಚಿಕೊಂಡಳು. ಕನ್ನಡ ಅವಳಿಗೆ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಲ್ಲಿಯ ರಾಗದ ಇಂಗ್ಲಿಷಿನಲ್ಲೇ. "ಡ್ಯಾಡ್! ಯು ಹ್ಯಾವ್ ಟು ಆಸ್ಕ್ ಥ್ರೀ ಟೈಮ್ಸ್, ಲೈಕ್. ಎವ್ರಿವನ್ ನೋಸ್ ದಟ್!"

ಮೂರು ಸಲ ಕೇಳಬೇಕಂತೆ. ಮೊದಲ ಸಲ ಬೇಡ ಅನ್ನುವುದು ಮರ್ಯಾದೆಗೆ. ಎರಡನೆಯ ಸಲ, ನಿಮಗೆ ಯಾಕೆ ತೊಂದರೆ ಅನ್ನುತ್ತಾರೆ. ಮೂರನೆಯ ಸಲ, ನೀವು ಹೇಗೂ ಮಾಡುತ್ತಿದ್ದರೆ ಒಂದರ್ಧ ಕಪ್ ಇರಲಿ ಅನ್ನುತ್ತಾರೆ. ಅವಳ ಗೆಳತಿಯರ ಅಜ್ಜಿಯರೆಲ್ಲ ಹೀಗೆಯೇ ಅಂತೆ. ಇದನ್ನು ನನಗೆ ಐರಿಷರು ಹೇಳಿಕೊಡಬೇಕೇ? ಮೈಸೂರಿನಲ್ಲಿ ಹುಟ್ಟಿ ಬೆಳೆದ ಯಾವ ಪ್ರಾಣಿಯಾದರೂ ಮೊದಲ ಸಲಕ್ಕೆ ಕಾಫಿ ಒಪ್ಪಿಕೊಂಡದ್ದುಂಟೇ? "ಬೇಡ, ಈಗ ತಾನೇ ಆಯ್ತು" ಎಂದು ಸುಳ್ಳು ಹೇಳುವುದು ಬಂದವರ ಧರ್ಮ, ಅದನ್ನು ನಂಬದಿರುವುದು ಮನೆಯವರ ಧರ್ಮ. ನನಗೂ ಅದು ರಕ್ತದಲ್ಲೇ ಇತ್ತು. ಈ ದೇಶಕ್ಕೆ ಬಂದ ಹೊಸದರಲ್ಲಿ ಆಫೀಸಿನ ಸಹೋದ್ಯೋಗಿಯೊಬ್ಬನಿಗೆ ಬಲವಂತ ಮಾಡಿ ಮಾಡಿ ಚಕ್ಕುಲಿ ತಿನ್ನಿಸಿದ್ದಕ್ಕೆ ಮ್ಯಾನೇಜರು ನನ್ನನ್ನು ಪಕ್ಕಕ್ಕೆ ಕರೆದು, ಇಲ್ಲಿ ಬೇಡ ಎಂದರೆ ಬೇಡ ಎಂದೇ ಅರ್ಥ ಎಂದು ತಿಳಿಹೇಳಿದ್ದ. ಆ ಮ್ಯಾನೇಜರು ಜರ್ಮನಿಯವನು ಎಂಬುದು ಈಗ ನೆನಪಾಯಿತು. ನಾನು ವರ್ಷಗಟ್ಟಲೆ ಕಷ್ಟಪಟ್ಟು ಕಲಿತ ಐರಿಷ್ ಶಿಷ್ಟಾಚಾರ ಜರ್ಮನಿಯದಾಗಿತ್ತು.

ನನ್ನ ಅಮ್ಮ ಕಣ್ಣ ಮುಂದೆ ಬಂದಳು. ನಮ್ಮ ವಾರ್ಡಿನ ಕಾರ್ಪೊರೇಟರ್ ವೋಟು ಕೇಳಲು ಬಂದಾಗ ಅಮ್ಮ ಅವರನ್ನು ಕೂರಿಸಿ, ಬಿಸಿಬಿಸಿ ಉಪ್ಪಿಟ್ಟು ಕೊಟ್ಟು, ಕಾಫಿ ಕೊಟ್ಟು, ಲೋಟ ಕೆಳಗಿಟ್ಟ ಮೇಲೆ ನಲ್ಲಿಯಲ್ಲಿ ನೀರು ಬಾರದ ವಿಷಯ ಎತ್ತಿ ಬೆವರಿಳಿಸುತ್ತಿದ್ದಳು. ಬಿಟ್ಟಿ ಉಪ್ಪಿಟ್ಟು ಸರಿಯೋ ತಪ್ಪೋ ಎಂಬ ಪ್ರಶ್ನೆಯೇ ಅವಳಿಗೆ ಬಂದಿರಲಿಲ್ಲ. "ಹಸಿದವರಿಗೆ ಬೈದ್ರೆ ತಲೆಗೆ ಹೋಗಲ್ಲ ಕಣೋ," ಎನ್ನುತ್ತಿದ್ದಳು. ನಾನು ಬೈಗುಳವನ್ನು ಮಾತ್ರ ಬಡಿಸಿ ಕಳಿಸಿದ್ದೆ.

ಸಭೆಯ ದಿನ ಮೂವರೂ ಲ್ಯಾಪ್‌ಟಾಪಿನ ಮುಂದೆ ಕೂತೆವು. ಆಗಿನ ನಿಯಮದ ಪ್ರಕಾರ ಸಭಾಂಗಣದಲ್ಲಿ ನಡೆಯುವ ಸಭೆ ಎರಡು ಗಂಟೆಯೊಳಗೆ ಮುಗಿಯಲೇಬೇಕು. ಮುಗಿಯದ ವಿಷಯ ಮುಂದಿನ ಸಭೆಗೆ. ಮುಂದಿನ ಸಭೆ ಎಂದರೆ ಇನ್ನೊಂದು ತಿಂಗಳ ಕತ್ತಲು. ಚಹಾದ ವಿಷಯ ಬರುವಷ್ಟರಲ್ಲೇ ಬಹಳ ಹೊತ್ತಾಗಿತ್ತು. ಮನೆಯಿಂದ ಹಾಜರಾಗಿದ್ದ ಒಬ್ಬರು, ಬೆನ್ನ ಹಿಂದೆ ಪುಸ್ತಕದ ಕಪಾಟು, ಕೈಯಲ್ಲಿ ಚೊಂಬಿನಷ್ಟು ದೊಡ್ಡ ಮಗ್ಗು, ಒಂದೊಂದು ಗುಟುಕಿಗೂ ಒಂದೊಂದು ಮಾತಿನಂತೆ ಸಭಾಂಗಣದಲ್ಲಿ ಕೂತವರ ಬಿಟ್ಟಿ ಚಹಾವನ್ನು ಖಂಡಿಸಿದರು. ಮನೆಯಲ್ಲಿದ್ದವರ ಪ್ರಯಾಣಭತ್ಯೆ ಮಾತ್ರ ಬೇರೆ ವಿಷಯವೆಂದೂ ಅದನ್ನು ದುಡುಕಿ ತೀರ್ಮಾನಿಸಬಾರದೆಂದೂ ಹೇಳಿದರು. ಸಭಾಂಗಣದಲ್ಲಿ ಒಬ್ಬ ರೈತ ಕೌನ್ಸಿಲರ್ ಎದ್ದರು. ಹಸುಗಳ ಹಾಲು ಕರೆದು ಬೂಟಿನಲ್ಲೇ ಬಂದಿದ್ದೇನೆ, ದಾರಿಯಲ್ಲಿ ಒಂದು ಹೋಟೆಲೂ ತೆರೆದಿಲ್ಲ, ಈ ಚಹಾವನ್ನೂ ಕಿತ್ತುಕೊಂಡರೆ ಮನೆಯಲ್ಲಿ ಅನುಕೂಲವಾಗಿರುವವರು ಮಾತ್ರ ಕೌನ್ಸಿಲರ್ ಆಗುತ್ತಾರೆ, ನಮ್ಮಂಥವರು ಬರುವುದೇ ಇಲ್ಲ ಎಂದರು. ಜೇಬಿಗೆ ಸ್ಕೋನ್ ಇಳಿಸಿದವರು ಅವರೇ. ನನಗೆ ಅವರ ಮಾತು ನ್ಯಾಯವೆನಿಸಿತು. ಮಗ್ಗಿನವರು ಮತ್ತೆ ಮಾತಾಡಿದಾಗ ಅದೂ ನ್ಯಾಯವೆನಿಸಿತು. ನನಗೆ ಕುತೂಹಲ ಜಾಸ್ತಿ, ತೀರ್ಮಾನ ಕಡಿಮೆ. ಬಾಯಿ ತೆರೆದುಕೊಂಡು ಕೇಳುತ್ತ ದೀಪವನ್ನು ಮರೆತೇಬಿಟ್ಟಿದ್ದೆ.

ಶೈಲಾ ಮರೆತಿರಲಿಲ್ಲ. "ಟೈಮ್ ಆಗೋಯ್ತು. ಈ ಸಲ ಇಲ್ಲ ಬಿಡಿ," ಎಂದು ಗಡಿಯಾರ ನೋಡಿ ಎದ್ದಳು.

ಆಗ ಬ್ರೀಡಾ ಕೈ ಎತ್ತಿದರು. "ಅಧ್ಯಕ್ಷರೇ, ಮೊನ್ನೆ ಒಬ್ಬ ನಿವಾಸಿಯ ಬಾಗಿಲಲ್ಲಿ ನಿಂತಿದ್ದೆ. ಸಾರ್ವಜನಿಕರ ಹಣ, ಸರಳತೆ, ಇವುಗಳ ಬಗ್ಗೆ ಅವರು ನನಗೆ ಬಹಳ ವಿವರವಾಗಿ ತಿಳಿಸಿ ಹೇಳಿದರು. ಮಳೆ ಬರುತ್ತಿತ್ತು. ಒಳಗಿನಿಂದ ಕಾಫಿಯ ಘಮವೂ ಬರುತ್ತಿತ್ತು." ಸಭಾಂಗಣದಲ್ಲಿ ಯಾರೋ ನಕ್ಕರು. ನನ್ನ ಕಿವಿ ಬಿಸಿಯಾಯಿತು. "ಅವರ ಪತ್ನಿ ಆಸ್ಪತ್ರೆಯಿಂದ ದಿನವೂ ಕತ್ತಲಲ್ಲಿ ನಡೆದು ಬರುತ್ತಾರೆ, ಒಮ್ಮೆ ಬಿದ್ದಿದ್ದಾರೆ. ಚಹಾದ ಮಾತು ಹೀಗೆಯೇ ನಡೆದರೆ ಆ ದೀಪ ಇವತ್ತು ಚರ್ಚೆಗೆ ಬರುವುದಿಲ್ಲ. ನನ್ನ ಠರಾವನ್ನು ವಾಪಸು ತೆಗೆದುಕೊಳ್ಳುತ್ತೇನೆ. ಚಹಾ ಬೇಡ. ದೀಪ ತೆಗೆದುಕೊಳ್ಳಿ."

ರೈತ ಕೌನ್ಸಿಲರ್ ಒಂದು ಕ್ಷಣ ತನ್ನ ಮುಂದಿದ್ದ ಸ್ಕೋನ್ ನೋಡಿಕೊಂಡು, ಆಮೇಲೆ ದೀಪವನ್ನು ಅನುಮೋದಿಸಿ ಕೈ ಎತ್ತಿದರು. ದೀಪ ಮಂಜೂರಾಗಲು ನಾನು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟು ಹೊತ್ತೂ ಹಿಡಿಯಲಿಲ್ಲ. ಶೈಲಾ ಮತ್ತೆ ಸೋಫಾದಲ್ಲಿ ಕೂತು ಕಣ್ಣೊರೆಸಿಕೊಂಡಳು. ನನಗೆ ಖುಷಿಯೂ ಆಯಿತು, ನಾಚಿಕೆಯೂ ಆಯಿತು, ಒಟ್ಟಿಗೇ.

ದೀಪದ ಕಂಬಗಳು ಬಂದದ್ದು ಬೇಸಿಗೆಯಲ್ಲಿ. ಇಲ್ಲಿ ಬೇಸಿಗೆಯೆಂದರೆ ಮಕ್ಕಳು ಮಲಗುವ ಹೊತ್ತಿಗೂ ಬೆಳಕು, ದೀಪದ ಹಂಗೇ ಇಲ್ಲ. ಕತ್ತಲು ಬೇಗ ಬೀಳತೊಡಗಿದ ಶರತ್ಕಾಲದ ಒಂದು ಸಂಜೆ, ದೀಪ ಸರಿಯಾಗಿ ಉರಿಯುತ್ತಿದೆಯೇ ಎಂದು ನೋಡಲು ಬ್ರೀಡಾ ಬಂದರು. ನಾನು ಓಡಿದೆ. ಕಾಫಿಯೂ ಸಿದ್ಧ, ಚಹಾವೂ ಸಿದ್ಧ. ಟ್ರೇ ಹಿಡಿದು ಗೇಟಿನ ಬಳಿ ನಿಂತು ಒಂದು ಸಲ ಕೇಳಿದೆ. "ಐಯಾಮ್ ಗ್ರ್ಯಾಂಡ್," ಎಂದರು. ಎರಡು ಸಲ ಕೇಳಿದೆ. ತೊಂದರೆ ಬೇಡ ಎಂದರು. ಬಿಟ್ಟಿ ಚಹಾದ ವಿರುದ್ಧ ಭಾಷಣ ಮಾಡಿದ ನಾನೇ ಮೂರನೆಯ ಸಲ ಹೆಚ್ಚೂ ಕಡಿಮೆ ಕಾಲಿಗೆ ಬೀಳುವ ದನಿಯಲ್ಲಿ ಗೋಗರೆದೆ.

"ನಿಜವಾಗಲೂ ಬೇಡ," ಎಂದು ಬ್ರೀಡಾ ನಕ್ಕು, ಚೀಲದಿಂದ ಫ್ಲಾಸ್ಕ್ ತೆಗೆದರು. "ಈಗ ಸಭೆಗೂ ನಾವೆಲ್ಲ ನಮ್ಮ ನಮ್ಮದನ್ನೇ ತಂದುಕೊಳ್ಳುತ್ತೇವೆ. ನೀವು ಅಂದದ್ದು ಸರಿ."

ನಮ್ಮ ಗೋಡೆಗೆ ಒರಗಿ, ನಮ್ಮ ದೀಪದ ಕೆಳಗೆ, ತಮ್ಮ ಚಹಾ ಬಗ್ಗಿಸಿಕೊಂಡು ಕುಡಿದರು. ಆ ತುದಿಯಿಂದ ಶೈಲಾ ಬರುತ್ತಿದ್ದಳು. ಟಾರ್ಚಿಲ್ಲ, ಗೋಡೆ ಹಿಡಿದುಕೊಂಡಿಲ್ಲ, ಫೋನಿನಲ್ಲಿ ಯಾರೊಂದಿಗೋ ನಗುತ್ತ ಮಾತಾಡಿಕೊಂಡು ನೆಟ್ಟಗೆ ನಡೆದು ಬರುತ್ತಿದ್ದಳು. ಅದನ್ನೇ ನೋಡುತ್ತ ನಿಂತುಬಿಟ್ಟೆ. ನನ್ನ ಟ್ರೇಯ ಲೋಟಗಳು ಆರಿಹೋಗಿದ್ದವು. ಬ್ರೀಡಾ ಚೀಲದಿಂದ ಇನ್ನೊಂದು ಪೇಪರ್ ಕಪ್ ತೆಗೆದು, "ನಿಮಗೂ ಸ್ವಲ್ಪ ಕೊಡಲೇ?" ಎಂದರು.

ಹೊಗೆಯಾಡುತ್ತಿದ್ದ ಒಳ್ಳೆಯ ಚಹಾ. ನನಗೆ ನಿಜಕ್ಕೂ ಬೇಕಾಗಿತ್ತು.

"ಅಯ್ಯೋ ಬೇಡ ಬೇಡ, ಈಗ ತಾನೇ ಆಯ್ತು," ಎಂದು ಬಾಯಿ ತಾನಾಗಿಯೇ ಹೇಳಿಬಿಟ್ಟಿತು. ಎರಡನೆಯ ಸಲ ಕೇಳಲಿ ಎಂದು ಮುಖ ಸಿದ್ಧ ಮಾಡಿಕೊಂಡು ನಿಂತೆ.

"ಸರಿ ಹಾಗಾದರೆ," ಎಂದು ಬ್ರೀಡಾ ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡಿದರು.