ಚಿನ್ನದ ಮೊಣಕಾಲು

ಎಮ್ಡೆನ್ ಊರಿನ ಹೆನ್ನಿಂಗ್‌ನ ಮನೆಯಲ್ಲಿ ಪರಪುರುಷನೊಬ್ಬ ಹನ್ನೆರಡು ವರ್ಷದಿಂದ ವಾಸವಾಗಿದ್ದ. ಫ್ರಿಜ್ಜಿನ ಬಾಗಿಲ ಮೇಲೆ, ದೀಪಸ್ತಂಭದ ಆಕಾರದ ಅಯಸ್ಕಾಂತದ ಕೆಳಗೆ, ಹಲ್ಲು ಬಿಟ್ಟುಕೊಂಡು. ಕೆಂಪು ಜಾಕೆಟ್ಟು, ಬಿಸಿಲಿಗೆ ಬೆಂದ ಮುಖ, ಹಿಂದೆ ಹಿಮದ ಬೆಟ್ಟ, ಬಲಗೈ ಪಕ್ಕದಲ್ಲಿ ನಿಂತ ಹುಡುಗಿಯ ಭುಜದ ಮೇಲೆ. ಆ ಹುಡುಗಿ ಮದುವೆಗೆ ಮುಂಚಿನ ವೀಬ್ಕೆ, ಅಂದರೆ ಹೆನ್ನಿಂಗ್‌ನ ಈಗಿನ ಧರ್ಮಪತ್ನಿ. ಹೆನ್ನಿಂಗ್ ಹಾಲು ತೆಗೆಯಲು ಹೋದಾಗಲೆಲ್ಲ ಅವನು ನಗುತ್ತಿದ್ದ. ಬೆಣ್ಣೆ ತೆಗೆಯಲು ಹೋದಾಗಲೂ ನಗುತ್ತಿದ್ದ. ಇದರಿಂದಾಗಿ ಹೆನ್ನಿಂಗ್ ಬೆಣ್ಣೆ ತಿನ್ನುವುದನ್ನೇ ಕಡಿಮೆ ಮಾಡಿದ್ದ (ತೂಕ ಇಳಿಸುವುದಕ್ಕೆ ಎಂದು ಹೊರಗೆ ಹೇಳಿಕೊಳ್ಳುತ್ತಿದ್ದ).

ಭುಜದ ಮೇಲೆ ಕೈ ಇಟ್ಟದ್ದನ್ನಾದರೂ ಕ್ಷಮಿಸಬಹುದಿತ್ತು. ವೀಬ್ಕೆಯ ಮುಖದಲ್ಲಿದ್ದ ನಗುವನ್ನು ಮಾತ್ರ ಅವನಿಗೆ ಅರಗಿಸಿಕೊಳ್ಳಲು ಆಗಿರಲಿಲ್ಲ. ಕಿವಿಯಿಂದ ಕಿವಿಯವರೆಗೆ ಹರಡಿದ, ಕಣ್ಣಲ್ಲಿ ನೀರು ತುಂಬಿದ ಅಂಥ ನಗು ಅವರ ಮದುವೆಯ ಫೋಟೋದಲ್ಲೂ ಇರಲಿಲ್ಲ. ಮದುವೆಯ ದಿನ ಅವಳು ಸಭ್ಯವಾಗಿ ನಕ್ಕಿದ್ದಳು. ಹೆನ್ನಿಂಗ್ ಭೂತಗನ್ನಡಿ ಹಿಡಿದು ಎರಡನ್ನೂ ಹೋಲಿಸಿ ನೋಡಿದ್ದ, ಸುಮ್ಮನೆ ಆಪಾದನೆ ಮಾಡುವ ಜಾಯಮಾನ ಅವನದಲ್ಲ. ಸಾಲದ್ದಕ್ಕೆ, ಮನೆಗೆ ಬಂದವರು ಯಾರಾದರೂ ಆ ಫೋಟೋ ಬಗ್ಗೆ ಕೇಳಿದರೆ ಸಾಕು, ವೀಬ್ಕೆ ಶುರುಮಾಡುತ್ತಿದ್ದಳು.

"ಅವನು ಕಾಸ್ಪರ್. ಕಾಲೇಜಲ್ಲಿದ್ದಾಗ ಒಂದು ಚಳಿಗಾಲ ಹೋಖ್‌ಮೋಸ್ ಅನ್ನೋ ಬೆಟ್ಟದೂರಲ್ಲಿ ಹೋಟೆಲ್ ಕೆಲಸಕ್ಕಿದ್ದೆನಲ್ಲ, ಆಗ ನನಗೆ ಸ್ಕೀ ಕಲಿಸ್ದೋನು. 'ನಿಂದು ಚಿನ್ನದ ಮೊಣಕಾಲು' ಅಂದಿದ್ದ!"

ಚಿನ್ನದ ಮೊಣಕಾಲು! ಹೆಣ್ಣಿನ ಕಣ್ಣು ಹೊಗಳಿದವರುಂಟು, ಕೂದಲು ಹೊಗಳಿದವರುಂಟು. ಎರಡು ಪದರದ ಚಳಿಗಾಲದ ಪ್ಯಾಂಟಿನೊಳಗೆ ಅಡಗಿದ್ದ ಮೊಣಕಾಲಿನ ಗುಣಾತಿಶಯ ಆ ಮಹಾಶಯನಿಗೆ ತಿಳಿದದ್ದು ಹೇಗೆ? ಈ ಪ್ರಶ್ನೆಯನ್ನು ಯಾರಿಗೂ ಕೇಳದೆ ಹೆನ್ನಿಂಗ್ ಹನ್ನೆರಡು ವರ್ಷ ಒಬ್ಬನೇ ಕುದಿಯುತ್ತ ಬಂದಿದ್ದ.

ಹೀಗಿರುವಾಗ ಒಂದು ಭಾನುವಾರ ಚಹಾ ಬಗ್ಗಿಸುತ್ತ ವೀಬ್ಕೆ, "ಈ ಸಲ ಚಳಿಗಾಲದ ರಜಕ್ಕೆ ಹೋಖ್‌ಮೋಸ್‌ಗೆ ಹೋಗೋಣ. ಮಕ್ಕಳು ಸ್ಕೀ ಕಲೀಲಿ. ನೀನೂ ಕಲಿ" ಎಂದಳು.

ಹೆನ್ನಿಂಗ್ ಕಡಲ ಒಡ್ಡಿನ ಕಚೇರಿಯಲ್ಲಿ ಎಂಜಿನಿಯರು. ಜೀವಮಾನದಲ್ಲಿ ಅವನು ಹತ್ತಿದ ಅತಿ ಎತ್ತರದ ಜಾಗವೆಂದರೆ ಒಂಬತ್ತು ಮೀಟರಿನ ಆ ಒಡ್ಡು. ಅದರಿಂದ ಇಳಿಯುವಾಗಲೂ ಅವನು ಏಡಿಯ ಹಾಗೆ ಓರೆಯಾಗಿ, ಹುಲ್ಲು ಹಿಡಿದುಕೊಂಡು ಇಳಿಯುತ್ತಾನೆ. ಆದರೆ ಆ ಕ್ಷಣ ಅವನ ಎದೆಯಲ್ಲಿ ಅವಲಕ್ಕಿ ಕುಟ್ಟಿದ್ದು ಎತ್ತರದ ಭಯದಿಂದಲ್ಲ.

"ಅಲ್ಲಿ ಯಾವ ಶಾಲೆ?" ಎಂದು, ಏನೂ ತಿಳಿಯದವನ ಹಾಗೆ ಕೇಳಿದ.

"ಎರಡಿವೆ. ಕೆಂಪು ಜಾಕೆಟ್ಟಿನೋರದ್ದೊಂದು, ನೀಲಿ ಜಾಕೆಟ್ಟಿನೋರದ್ದೊಂದು. ಕೆಂಪಿಗೇ ಸೇರ್ಕೊಳ್ಳೋಣ. ಕಾಸ್ಪರ್ ಇನ್ನೂ ಅಲ್ಲೇ ಇದ್ದಾನೆ."

"ಇದ್ದಾನೆ ಅಂತ ನಿನಗೆ ಯಾರು ಹೇಳಿದ್ರು?"

"ಅವರ ಜಾಲತಾಣದಲ್ಲಿತ್ತು."

"ಓಹೋ. ಹುಡುಕಿ ನೋಡಿದ್ದೀಯ."

"ಸ್ಕೀ ಶಾಲೆ ಹುಡುಕೋವಾಗ ಸ್ಕೀ ಶಾಲೆ ನೋಡದೆ ಮೀನಂಗಡಿ ನೋಡ್ಲಾ?"

ಹೆನ್ನಿಂಗ್ ಗಂಟಲು ಸರಿಮಾಡಿಕೊಂಡ. "ನೋಡು, ಮಕ್ಕಳ ವಿದ್ಯಾಭ್ಯಾಸದ ವಿಷಯ. ಯಾರೋ ಪರಿಚಯದವರು ಅಂತ ಸೇರಿಸಬಾರದು. ನಾನೊಂದು ಪಟ್ಟಿ ಮಾಡ್ತೀನಿ."

ಪಟ್ಟಿ ಅವರ ಮನೆಗೆ ಹೊಸದಲ್ಲ. ಬಟ್ಟೆ ಒಗೆಯುವ ಯಂತ್ರ ಪಟ್ಟಿಯಿಂದ ಬಂದಿತ್ತು. ಕಾರು ಪಟ್ಟಿಯಿಂದ ಬಂದಿತ್ತು. ಆರು ವರ್ಷದ ಮಗ ಯೋರಿಸ್‌ನ ಹೆಸರು ಕೂಡ ಇತರ ಹದಿನೆಂಟು ಹೆಸರುಗಳನ್ನು ಎರಡು ಅಂಕಗಳಿಂದ ಸೋಲಿಸಿ ಬಂದದ್ದು. ಹೆನ್ನಿಂಗ್ ಮೂರು ದಿನ ಕೂತು ಎರಡೂ ಶಾಲೆಗಳ ಆಮೂಲಾಗ್ರ ತೌಲನಿಕ ಅಧ್ಯಯನ ನಡೆಸಿದ. ಹದಿನಾಲ್ಕು ಅಂಶಗಳು, ಒಂದೊಂದಕ್ಕೂ ಇಷ್ಟಿಷ್ಟು ಅಂಕ. ದುರದೃಷ್ಟವಶಾತ್ ಕೆಂಪು ಶಾಲೆ ಎಲ್ಲದರಲ್ಲೂ ಮುಂದಿತ್ತು. ಅನುಭವ ಜಾಸ್ತಿ, ಮೈದಾನ ಹತ್ತಿರ, ಮಧ್ಯಾಹ್ನ ಬಿಸಿ ಸಾರು ಬೇರೆ ಕೊಡುತ್ತಾರೆ. ಆಗ ಅವನು ಹದಿನೈದನೆಯ ಅಂಶವೊಂದನ್ನು ಸೇರಿಸಿದ: ಮಂಜು ಕವಿದಾಗ ಜಾಕೆಟ್ಟಿನ ಬಣ್ಣ ಕಣ್ಣಿಗೆ ಹಿತವಾಗಿರುವುದು. ಅದಕ್ಕೆ ನಲವತ್ತು ಅಂಕ. ನೀಲಿ ಶಾಲೆ ಒಂದೂವರೆ ಅಂಕದಿಂದ ಗೆದ್ದಿತು.

ವೀಬ್ಕೆ ಕನ್ನಡಕ ಹಾಕಿಕೊಂಡು ಓದಿದಳು. "ಮಂಜಲ್ಲಿ ಕೆಂಪಿಗಿಂತ ನೀಲಿ ಚೆನ್ನಾಗಿ ಕಾಣುತ್ತಾ?"

"ಹಿತವಾಗಿ ಅಂತ ಬರೆದಿದ್ದೀನಿ. ಚೆನ್ನಾಗಿ ಅಂತಲ್ಲ."

ಅವಳು ಮೂರನೆಯ ಬಟ್ಟಲು ಮುಗಿಸಿ, ಚಮಚವನ್ನು ಬಟ್ಟಲೊಳಗೆ ನಿಲ್ಲಿಸಿದಳು. ಆ ಸೀಮೆಯಲ್ಲಿ ಚಮಚ ಬಟ್ಟಲೊಳಗೆ ಬಿತ್ತೆಂದರೆ ಇನ್ನು ಚಹಾ ಬೇಡ ಎಂದರ್ಥ. ಆ ಮನೆಯಲ್ಲಿ ಇನ್ನು ಮಾತೂ ಬೇಡ ಎಂದರ್ಥ.

"ಸರಿ, ನಿನ್ನಿಷ್ಟ. ಆಮೇಲೆ ನನ್ನ ಮುಂದೆ ನರಳಬೇಡ."

ಇಷ್ಟು ಸುಲಭವಾಗಿ ಒಪ್ಪಿಕೊಂಡುಬಿಟ್ಟಳಲ್ಲ! ಗೆದ್ದ ಸಂತೋಷ ಹೆನ್ನಿಂಗ್‌ಗೆ ಐದು ನಿಮಿಷವೂ ಉಳಿಯಲಿಲ್ಲ. ಒಪ್ಪದಿದ್ದರೆ ಒಂದು ಅನುಮಾನ, ಒಪ್ಪಿದರೆ ಎರಡು.

ಹೋಖ್‌ಮೋಸ್ ಮುಟ್ಟಿದ ಮೇಲೆ ತಿಳಿಯಿತು, ಆ ಎರಡು ಶಾಲೆಗಳ ಯಜಮಾನರು ಭಾವ-ಭಾಮೈದ. ಹಿಂದೆಂದೋ ಒಂದು ಬೇಲಿಯ ಕಂಬದ ವಿಷಯಕ್ಕೆ ಜಗಳವಾಗಿ ಒಂದು ಶಾಲೆ ಎರಡಾಗಿತ್ತಂತೆ. ಅಂದಿನಿಂದ ಕೆಂಪಿನವರು ಬಿಯರ್ ಕುಡಿಯುವ ಕಡೆ ನೀಲಿಯವರು ನೀರೂ ಕುಡಿಯುವುದಿಲ್ಲ. ನೀಲಿ ಅಂಗಿ ತೊಟ್ಟ ವಿದ್ಯಾರ್ಥಿ ಕೆಂಪಿನವರ ಮೈದಾನಕ್ಕೆ ಕಾಲಿಟ್ಟರೆ ಪರದೇಶದ ಗಡಿ ದಾಟಿದಷ್ಟೇ ದೊಡ್ಡ ಅಪರಾಧ. ಇದನ್ನು ಕೇಳಿ ಹೆನ್ನಿಂಗ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು. ತನ್ನ ಸಂಸಾರಕ್ಕೂ ಕಾಸ್ಪರ್‌ಗೂ ನಡುವೆ ಊರಿನವರೇ ಗೋಡೆ ಕಟ್ಟಿಟ್ಟಿದ್ದಾರೆ!

ನೀಲಿ ಶಾಲೆಯ ಕಚೇರಿಯಲ್ಲಿ ನೊಟ್‌ಬುರ್ಗಾ ಎಂಬ ದಪ್ಪ ಧ್ವನಿಯ ಹೆಂಗಸು ಕೂತಿದ್ದಳು.

"ನೀನು ಹೆನ್ನಿಂಗ್ ಅಲ್ವಾ? ಬಾ, ಇಲ್ಲಿ ಸಹಿ ಹಾಕು. ನಿನ್ನ ಬೂಟಿನ ಅಳತೆ ಎಷ್ಟು?"

ಹೆನ್ನಿಂಗ್ ತಬ್ಬಿಬ್ಬಾದ. ಎಮ್ಡೆನ್‌ನಲ್ಲಿ ಹದಿನೈದು ವರ್ಷದಿಂದ ಪಕ್ಕದ ಮನೆಯಲ್ಲಿರುವವರೂ ಅವನನ್ನು ನೀವು ಎಂದೇ ಕರೆಯುತ್ತಾರೆ. ವೀಬ್ಕೆ ಕಿವಿಯಲ್ಲಿ ಪಿಸುಗುಟ್ಟಿದಳು. "ಸಾವಿರ ಮೀಟರಿಂದ ಮೇಲೆ ಇಲ್ಲಿ ಎಲ್ಲರಿಗೂ ಏಕವಚನವೇ. ಹೊಸಬರಿಗೂ ಅಷ್ಟೇ."

ಅಂದರೆ ಒಂದಿಡೀ ಚಳಿಗಾಲ ಆ ಕಾಸ್ಪರ್ ಇವಳನ್ನು ನೀನು ಎಂದೇ ಕರೆದಿದ್ದಾನೆ! ಹೆನ್ನಿಂಗ್‌ನ ಹೊಟ್ಟೆಯೊಳಗೆ ಇನ್ನೊಂದು ಕೊಳ್ಳಿ ಹತ್ತಿಕೊಂಡಿತು. ಅಷ್ಟರಲ್ಲಿ ನೊಟ್‌ಬುರ್ಗಾ ಪುಸ್ತಕದಿಂದ ತಲೆಯೆತ್ತಿದಳು.

"ದೊಡ್ಡೋರ ಮೊದಲನೇ ತರಗತಿ ಈ ವಾರ ಇಲ್ಲ. ಕಮ್ಮಿ ಅಂದ್ರೆ ನಾಲ್ಕು ಜನ ಬೇಕು, ಇರೋದು ನೀನೊಬ್ಬ. ಪೆಂಗ್ವಿನ್ ಗುಂಪಲ್ಲಿ ಜಾಗ ಇದೆ, ಹಾಕ್ಲಾ?"

"ಪೆಂಗ್ವಿನ್ ಅಂದ್ರೆ?"

"ಆರು ವರ್ಷದವರು."

"ಅಪ್ಪ! ನೀನೂ ನಾನೂ ಒಂದೇ ಕ್ಲಾಸು!" ಎಂದು ಯೋರಿಸ್ ಕುಣಿದಾಡಿದ. ಹತ್ತು ವರ್ಷದ ಮಗಳು ಫೆನ್ಯಾ, ತನಗೆ ಈ ಕುಟುಂಬದ ಪರಿಚಯವೇ ಇಲ್ಲವೆಂಬಂತೆ ಕಿಟಕಿಯ ಕಡೆ ತಿರುಗಿ ನಿಂತಳು. ವೀಬ್ಕೆ ಪೆನ್ನು ಇಸಿದುಕೊಂಡು ಪುಸ್ತಕದಲ್ಲಿದ್ದ ತನ್ನ ಹೆಸರನ್ನು ಹೊಡೆದುಹಾಕಿದಳು.

"ನನಗ್ಯಾಕೆ ಶಾಲೆ? ನಾನು ಕಲ್ತಾಗಿದೆ" ಎಂದವಳೇ ಹಸಿರು ಹೆಲ್ಮೆಟ್ಟು ತೊಟ್ಟು ಬೆಟ್ಟದ ಮೇಲಕ್ಕೆ ಹೊರಟುಹೋದಳು. ಗಂಡ ಪೆಂಗ್ವಿನ್ ಪಾಲಾದ, ಹೆಂಡತಿ ಸರ್ವತಂತ್ರ ಸ್ವತಂತ್ರಳಾದಳು. ಪಟ್ಟಿಯಲ್ಲಿ ಈ ಅಂಶಕ್ಕೆ ಅಂಕವೇ ಇರಲಿಲ್ಲ.

ಆಮೇಲಿನ ಎರಡು ದಿನಗಳ ಪಾಡು ಯಾರಿಗೂ ಬೇಡ. ಎದೆಗೆ ಹನ್ನೊಂದನೆಯ ನಂಬರಿನ ನೀಲಿ ಅಂಗಿ (ಮಕ್ಕಳ ಅಳತೆಯದು, ಬೆನ್ನಿನ ಕಡೆ ಪಿನ್ನು ಚುಚ್ಚಿ ಕೂರಿಸಿದ್ದರು), ಸುತ್ತ ಸೊಂಟದೆತ್ತರದ ಸಹಪಾಠಿಗಳು. ಮಕ್ಕಳು ಬೀಳುತ್ತಿದ್ದರು, ನಗುತ್ತ ಏಳುತ್ತಿದ್ದರು. ಹೆನ್ನಿಂಗ್ ಬೀಳುತ್ತಿದ್ದ, ಅಷ್ಟೆ. ಅವನು ಬೀಳುತ್ತಿದ್ದದ್ದಕ್ಕೆ ಹಿಮವೊಂದೇ ಕಾರಣವಲ್ಲ. ಆಚೆ ಕೆಂಪಿನವರ ಇಳಿಜಾರಿನಲ್ಲಿ ಹಸಿರು ಹೆಲ್ಮೆಟ್ಟೇನಾದರೂ ಕಾಣುತ್ತದೆಯೋ ಎಂದು ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದ. ಕತ್ತು ಆ ಕಡೆ, ಕಾಲು ಈ ಕಡೆ.

"ಇವತ್ತು ಎಲ್ಲಿಗೆ ಹೋಗಿದ್ದೆ?" ಎಂದು ಸಂಜೆ ಬೆನ್ನಿಗೆ ಮುಲಾಮು ಹಚ್ಚಿಸಿಕೊಳ್ಳುತ್ತ ಕೇಳಿದ.

"ಮೇಲಕ್ಕೆ."

"ಒಬ್ಬಳೇನಾ?"

"ಬೆಟ್ಟದಲ್ಲಿ ಒಬ್ಬಳೇ ಇರೋಕೆ ಬೆಟ್ಟ ನಮ್ಮಪ್ಪಂದಾ? ಜನ ಇರ್ತಾರೆ."

"ಎಂಥ ಜನ?"

"ನಿಂತ್ಕೊಂಡಿರೋ ಜನ" ಎಂದು ವೀಬ್ಕೆ ಮುಲಾಮನ್ನು ಸ್ವಲ್ಪ ಒತ್ತಿಯೇ ಹಚ್ಚಿದಳು.

ಬುಧವಾರ ಅನಾಹುತ ನಡೆದೇ ಹೋಯಿತು. ಮಕ್ಕಳನ್ನು ನಿಂತಲ್ಲೇ ಮೇಲಕ್ಕೆ ಸಾಗಿಸುವ, ತಾನಾಗಿ ಉರುಳುವ ರಬ್ಬರ್ ಪಟ್ಟಿಯ ಮೇಲೆ ಹೆನ್ನಿಂಗ್ ಸಾಲಿನ ತುದಿಯಲ್ಲಿ ನಿಂತು ಸಾಗುತ್ತಿದ್ದಾಗ ಕೆಂಪಿನವರ ಮೈದಾನದ ಅಂಚಿನಲ್ಲಿ ಹಸಿರು ಹೆಲ್ಮೆಟ್ಟು ಕಂಡಿತು. ಎದುರಿಗೆ ಕೆಂಪು ಜಾಕೆಟ್ಟು. ಹಸಿರು ಏನೋ ಹೇಳಿತು. ಕೆಂಪು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹಸಿರು ಕೈಯೆತ್ತಿ ನೇರವಾಗಿ ಇತ್ತಲೇ ತೋರಿಸಿತು. ಹೆನ್ನಿಂಗ್‌ನ ಕಣ್ಣು ಕತ್ತಲಿಟ್ಟಿತು. ಅವನು ಪಟ್ಟಿಯಿಂದ ಇಳಿಯಬೇಕಾದ ಕಡೆ ಇಳಿಯಲಿಲ್ಲ, ಇಳಿಯಬಾರದ ಕಡೆ ಬಿದ್ದ. ಅವನು ಎದ್ದದ್ದೇ ಸ್ಕೀಗಳನ್ನು ಕಿತ್ತು ಹೆಗಲ ಮೇಲೆ ಹೊತ್ತು, ನೀಲಿ ಅಂಗಿಯಲ್ಲೇ ಗಡಿ ದಾಟಿ ನಡೆದ. ಹಿಂದಿನಿಂದ ನೀಲಿಯವರು ಕೂಗಿದರು, ಮುಂದಿನಿಂದ ಕೆಂಪಿನವರು ಕೂಗಿದರು, ಯೋರಿಸ್ "ಅಪ್ಪ, ಟೀಚರ್ ಬೈತಾರೆ!" ಎಂದು ಕಿರುಚಿದ.

"ನೀನೇನಾ ಕಾಸ್ಪರ್?" ಎಂದು ಹೆನ್ನಿಂಗ್ ಗುಡುಗಿದ (ಏಕವಚನದಲ್ಲಿ, ಹೇಗೂ ಸಾವಿರ ಮೀಟರಿಗಿಂತ ಮೇಲಿದ್ದರು).

ಗುಡುಗಿದ ಮೇಲೆ ನೋಡಿದ. ಅವನ ಎದೆಯ ಮಟ್ಟಕ್ಕೆ ಬರುವ, ಮೂಗಿನ ಸಿಪ್ಪೆ ಸುಲಿದ, ಐವತ್ತು ದಾಟಿದ ಕುಳ್ಳನೊಬ್ಬ ನಿಂತಿದ್ದ. ಫೋಟೋದಲ್ಲಿ ಆಳೆತ್ತರ ಕಾಣುತ್ತಿದ್ದದ್ದು ಇಳಿಜಾರಿನ ಮೇಲ್ಗಡೆ ನಿಂತಿದ್ದರಿಂದ.

"ಹೌದಪ್ಪಾ. ನೀನೇನಾ ಆ ಒಡ್ಡಿನೋನು?" ಎಂದು ಕಾಸ್ಪರ್ ಅವನನ್ನು ಮೇಲಿಂದ ಕೆಳಗೆ ನೋಡಿದ. "ಈ ನಿನ್ನ ಹೆಂಡತಿ ನಿನ್ನೆಯಿಂದ ನನ್ನ ತಲೆ ತಿಂತಿದ್ದಾಳೆ. 'ನನ್ನ ಗಂಡ ಮಂಜಿನ ಲೆಕ್ಕ ಹಾಕಿ ನೀಲಿಯೋರ ಹತ್ರ ಹೋಗಿ ಮೂಳೆ ಮುರ್ಕೋತಿದ್ದಾನೆ, ಊಟದ ಹೊತ್ತಲ್ಲಿ ಕದ್ದು ಒಂದು ಗಂಟೆ ಹೇಳ್ಕೊಡು' ಅಂತ."

"ನನಗಾ?"

"ಮತ್ಯಾರಿಗೆ?" ವೀಬ್ಕೆ ಸೊಂಟದ ಮೇಲೆ ಕೈಯಿಟ್ಟಳು. "ಕೆಂಪು ಶಾಲೆ ಅಂತ ಬಡ್ಕೊಂಡಿದ್ದು ನಿನಗೋಸ್ಕರ ಕಣೋ! ಕಾಸ್ಪರ್ ಕಲಿಸೋದೇ ಹೆದರುಪುಕ್ಕಲರಿಗೆ. ನಾನು ಮೊದಲನೇ ವಾರ ಪೂರ್ತಿ ಅತ್ತಿದ್ದೆ."

"ಅತ್ತಿದ್ಲು. ಮೂಗು ಒರೆಸೋಕೆ ನನ್ನ ಕೈಗವಸು ಕೊಟ್ಟಿದ್ದೆ, ವಾಪಸ್ ಕೊಡಲಿಲ್ಲ" ಎಂದ ಕಾಸ್ಪರ್.

ಹನ್ನೆರಡು ವರ್ಷದ ಕೋಪ ಇಟ್ಟುಕೊಳ್ಳಲು ಜಾಗ ಸಿಗದೆ ಹೆನ್ನಿಂಗ್ ಬೆಪ್ಪಾಗಿ ನಿಂತ.

ಅಂದಿನಿಂದ ಮೂರು ದಿನ, ನೀಲಿಯವರು ಊಟಕ್ಕೆ ಕೂತ ಹೊತ್ತಿನಲ್ಲಿ ಅವನು ನಂಬರಿನ ಅಂಗಿಯನ್ನು ತಿರುವುಮುರುವು ತೊಟ್ಟು, ಮರಗಳ ಹಿಂದೆ ಹಾದು ಕಾಸ್ಪರ್‌ನ ಬಳಿ ಹೋದ. (ಊರಿಗೆ ಊರೇ ನೋಡುತ್ತಿತ್ತು. ಯಾರಿಗೂ ಗೊತ್ತಿಲ್ಲ ಎಂದು ಅವನೊಬ್ಬ ನಂಬಿದ್ದ.) ಕಾಸ್ಪರ್ ಬೈಯಲಿಲ್ಲ, ಅವಸರ ಮಾಡಲಿಲ್ಲ. "ಬೆಟ್ಟ ನೋಡಬೇಡ, ನನ್ನ ಬೆನ್ನು ನೋಡು" ಎಂದು ಮುಂದೆ ಮುಂದೆ ಜಾರಿದ. ಶುಕ್ರವಾರ ಮಧ್ಯಾಹ್ನ, ಹೆನ್ನಿಂಗ್ ಇಳಿಜಾರಿನ ತುದಿಯಿಂದ ಬುಡದವರೆಗೆ ಬಂದು, ಬೇಲಿಗೆ ಗುದ್ದದೆ, ಯಾರನ್ನೂ ಅಪ್ಪಿಕೊಳ್ಳದೆ, ತಾನಾಗಿ ನಿಂತ. ತಾನಾಗಿ! ಕಾಸ್ಪರ್ ಮೇಲ್ಗಡೆಯಿಂದ ಬಂದು ಭುಜದ ಮೇಲೆ ಕೈಯಿಟ್ಟ.

"ನಿಂದು ಚಿನ್ನದ ಮೊಣಕಾಲು ಕಣಯ್ಯಾ!"

ಹೆನ್ನಿಂಗ್‌ನ ಮುಖ ಕಿವಿಯಿಂದ ಕಿವಿಯವರೆಗೆ ಅರಳಿತು, ಕಣ್ಣಲ್ಲಿ ನೀರು ತುಂಬಿತು. ಅದೇ ಗಳಿಗೆಗೆ ವೀಬ್ಕೆ ಫೋಟೋ ಹೊಡೆದಳು. ತೋರಿಸಿದಾಗ ಅವನು ಕಣ್ಣ ಹತ್ತಿರ ಹಿಡಿದು ನೋಡಿದ. ಫ್ರಿಜ್ಜಿನ ಮೇಲಿದ್ದ ಅದೇ ನಗು! ಹನ್ನೆರಡು ವರ್ಷ ಯಾವುದನ್ನು ಪ್ರೇಮವೆಂದು ತಿಳಿದು ಬೆಣ್ಣೆ ಬಿಟ್ಟಿದ್ದನೋ ಅದು ಬೀಳದೆ ನಿಂತವರ ನಗು. ಅವನಿಗೆ ಹೆಂಡತಿಯನ್ನು ಅಪ್ಪಿಕೊಳ್ಳಬೇಕೆನಿಸಿತು. ಅಪ್ಪಿಕೊಳ್ಳಲು ಹೋಗಿ ಇಬ್ಬರೂ ಬಿದ್ದರು.

ಶನಿವಾರ ಬೆಳಿಗ್ಗೆ ಹೊರಡುವ ಮುನ್ನ ಹೆನ್ನಿಂಗ್, ಕಾಸ್ಪರ್‌ಗೆ ಕೊಡಲೆಂದು, ಎಮ್ಡೆನ್‌ನಿಂದ ತಂದಿದ್ದ ಚಹಾಪುಡಿಯ ಡಬ್ಬಿಯನ್ನು ಎದೆಗವಚಿಕೊಂಡು ಕೆಂಪಿನವರ ಮೈದಾನಕ್ಕೆ ಓಡಿದ. ಅಲ್ಲಿ ಹಳದಿ ಪ್ಯಾಂಟಿನ, ಡೊಳ್ಳು ಹೊಟ್ಟೆಯ ಹೊಸ ಗೃಹಸ್ಥನೊಬ್ಬ ಬೇಲಿಯ ಪಕ್ಕದಲ್ಲಿ ಏದುಸಿರು ಬಿಡುತ್ತ ನಿಂತಿದ್ದ. ಅವನ ಭುಜದ ಮೇಲೆ ಕಾಸ್ಪರ್‌ನ ಕೈಯಿತ್ತು.

"ನಿಂದು ಚಿನ್ನದ ಮೊಣಕಾಲು ಕಣಯ್ಯಾ!"

ಹೆನ್ನಿಂಗ್ ಡಬ್ಬಿಯನ್ನು ಹಾಗೇ ಹಿಡಿದುಕೊಂಡು ವಾಪಸು ಬಂದು ಕಾರಿನಲ್ಲಿ ಕೂತ. ಮ್ಯೂನಿಕ್ ದಾಟುವವರೆಗೂ ಡಬ್ಬಿ ಅವನ ತೊಡೆಯ ಮೇಲೇ ಇತ್ತು. ಹಳದಿ ಪ್ಯಾಂಟು! ಒಂದೇ ದಿನಕ್ಕೆ! ಅದೂ ನೆಟ್ಟಗೆ ನಿಲ್ಲಲೂ ಬಾರದವನಿಗೆ!

"ಏನೋ ಸುಟ್ಟ ವಾಸನೆ ಬರ್ತಿದೆ" ಎಂದಳು ಫೆನ್ಯಾ.

"ನಿಮ್ಮಪ್ಪನ ಕಡೆಯಿಂದ" ಎಂದಳು ಗಾಡಿ ಓಡಿಸುತ್ತಿದ್ದ ವೀಬ್ಕೆ.

ಇನ್ನೂ ಹತ್ತು ಕಿಲೋಮೀಟರು ಹೋದ ಮೇಲೆ ಹೆನ್ನಿಂಗ್ ಕಿಟಕಿಯ ಕಡೆ ಮುಖ ಮಾಡಿಕೊಂಡೇ ಕೇಳಿದ. "ಆ ಕಾಲದಲ್ಲಿ... ನಿನಗೆ ಅವನು ಎಷ್ಟು ಸಲ ಹಾಗೆ ಹೇಳಿದ್ದ?"

"ಏನು, ಮೊಣಕಾಲಾ? ಒಂದೇ ಸಲ."

ಹೆನ್ನಿಂಗ್ ಬುಧವಾರ, ಗುರುವಾರ, ಶುಕ್ರವಾರವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ತಿರುವಿ ನೋಡಿದ. ತನಗೂ ಒಂದೇ ಸಲ. ಪರವಾಗಿಲ್ಲ, ಸಮ. ಅವನು ನಿಟ್ಟುಸಿರು ಬಿಟ್ಟು ಸೀಟಿಗೆ ಒರಗುವಷ್ಟರಲ್ಲಿ ಹಿಂದಿನ ಸೀಟಿನಿಂದ ಯೋರಿಸ್ ತಲೆ ಹಾಕಿದ.

"ಯಾರು, ಆ ಕುಳ್ಳ ಅಂಕಲ್ಲಾ? ಅಪ್ಪನ್ನ ಹುಡುಕ್ಕೊಂಡು ಬೇಲಿ ಹತ್ರ ಹೋದಾಗ ನನಗೂ ಹೇಳಿದ್ರು. ಎರಡು ಸಲ."