ಟೈಮ್ ಸರಿ ಮಾಡಿ ಬೈಸಿಕೊಂಡದ್ದು

ಜನ ಕರೆಸಿದರೆಂದು ಹೋಗಿ, ಕಂಪ್ಯೂಟರಿನ ಟೈಮ್ ಸರಿ ಮಾಡಿಕೊಟ್ಟು, ಕೊನೆಗೆ ಅವರ ಮುಖ ನೋಡಿ ಪೇಚಾಡಿಕೊಂಡು ಬರುವುದು ನನಗೆ ಆಗಾಗ ನಡೆಯುತ್ತಲೇ ಇರುತ್ತದೆ. ನಾನು ದಾವಣಗೆರೆಯವನು. ನೆಟ್‌ವರ್ಕ್ ರಿಪೇರಿ ಕೆಲಸಕ್ಕೆ ಆಂಧ್ರಕ್ಕೆ ಬಂದೆ. ಮೊದಲು ವಿಜಯವಾಡ, ಈಗ ವಿಶಾಖಪಟ್ಟಣ.

ಪಟಮಟದ ಆಫೀಸು

ವಿಜಯವಾಡದ ಪಟಮಟ ಬಡಾವಣೆಯ ಒಂದು ಆಫೀಸಿನ ಹಾಜರಿ ಮೆಷಿನ್ನು ಅಲ್ಲಿನ ಸರ್ವರನ್ನು ಕೇಳಿ ಟೈಮ್ ತೋರಿಸುತ್ತಿತ್ತು. ಸರ್ವರು ಮಾತ್ರ ಇಂಟರ್ನೆಟ್ಟನ್ನು ಕೇಳುವುದನ್ನೇ ಬಿಟ್ಟು ಕಾಲು ಗಂಟೆ ಹಿಂದೆ ಬಿದ್ದಿತ್ತು. ನಿಂತುಹೋಗಿದ್ದ ಟೈಮ್ ಸರ್ವಿಸನ್ನು ಶುರು ಮಾಡಿದೆ, ಎಲ್ಲ ಸರಿಹೋಯಿತು. ಮ್ಯಾನೇಜರು ಕೈಕುಲುಕಿದರು.

ಮಾರನೇ ದಿನ ನೋಡಲು ಹೋದರೆ ಇಡೀ ಆಫೀಸಿಗೆ ಲೇಟ್ ಬಿದ್ದಿದೆ! ಟಿಫಿನ್ ಡಬ್ಬಿ ಹಿಡಿದು ಏದುಸಿರು ಬಿಡುತ್ತಾ ಬಂದ ಟೈಪಿಸ್ಟ್ ಹೆಂಗಸು ನನ್ನನ್ನು ಕಂಡು ನಿಂತಳು.

"ಇಷ್ಟು ದಿನ ಇದೇ ಬಸ್ಸಿಗೆ ಬಂದು ಸರಿಯಾದ ಟೈಮಿಗೆ ಮುಟ್ತಿದ್ದೆ ಸಾರ್. ಮೆಷಿನ್ನೇನೋ ಸರಿ ಮಾಡಿದ್ರಿ. ಬಸ್ಸನ್ನ ಯಾರು ಸರಿ ಮಾಡ್ತಾರಂಡಿ?"

ಒನ್ ಟೌನ್ ಸಾಹುಕಾರರು

ವಿಜಯವಾಡದ ಹಳೇ ಪೇಟೆ ಒನ್ ಟೌನಿನ ಸಗಟು ಬಟ್ಟೆ ವ್ಯಾಪಾರಿಯೊಬ್ಬರ ಕಂಪ್ಯೂಟರು ಪ್ರತಿ ಬೆಳಿಗ್ಗೆ ಎಷ್ಟೋ ವರ್ಷ ಹಿಂದಿನ ತಾರೀಖಿಗೆ ಹೋಗಿ ಕೂರುತ್ತಿತ್ತು. ತಾರೀಖು ತಪ್ಪಿದ್ದರಿಂದ ಬ್ಯಾಂಕಿನ ವೆಬ್‌ಸೈಟೂ ತೆರೆಯುತ್ತಿರಲಿಲ್ಲ. ಒಳಗಿನ ಬಟನ್ ಸೆಲ್ ಸತ್ತಿತ್ತು. ಹೊಸದು ಹಾಕಿ, ಇಂಟರ್ನೆಟ್ಟಿನಿಂದ ಟೈಮ್ ತೆಗೆದುಕೊಳ್ಳುವ ಹಾಗೆ ಮಾಡಿದೆ.

ಸಾಹುಕಾರರು ಪರದೆ ನೋಡಿ ನಿಟ್ಟುಸಿರು ಬಿಟ್ಟರು. "ಬೆಳಿಗ್ಗೆ ಅಂಗಡಿ ತೆಗೆದು ಆ ಹಳೇ ತಾರೀಖು ನೋಡಿದ್ರೆ ಏನೋ ಸಮಾಧಾನ ಆಗ್ತಿತ್ತು ಬಾಬು."

ಹೆಂಡತಿಯನ್ನೋ ತಾಯಿಯನ್ನೋ ಕಳೆದುಕೊಂಡಿರಬೇಕು ಎಂದುಕೊಂಡೆ. "ಆಗ ಯಾರಿದ್ದರು ಸಾರ್?" ಎಂದೆ.

"ಯಾರಿದ್ದರು ಅಂತಲ್ಲ," ಎಂದು ಎದುರಿನ ಅಂಗಡಿಯ ಕಡೆ ಗದ್ದ ಎತ್ತಿ ತೋರಿಸಿದರು. "ಆಗ ನನ್ನ ತಮ್ಮ ಅಲ್ಲಿ ಅಂಗಡಿ ಹಾಕಿರಲಿಲ್ಲ."

ಹೆರಿಗೆ ವಾರ್ಡು

ಇದು ವಿಶಾಖಪಟ್ಟಣದ ಒಂದು ಆಸ್ಪತ್ರೆಯ ಕಥೆ. ಅಲ್ಲಿ ಹೊಸ ಫೈರ್‌ವಾಲ್ ಹಾಕಿದವರು ಕಂಪ್ಯೂಟರುಗಳು ಟೈಮ್ ಕೇಳುವ ದಾರಿಯನ್ನೇ ಮುಚ್ಚಿಬಿಟ್ಟಿದ್ದರು. ಹೆರಿಗೆ ವಾರ್ಡಿನ ಕಂಪ್ಯೂಟರು ಒಂದು ಗಂಟೆಗೂ ಹೆಚ್ಚು ಹಿಂದಿತ್ತು. ದಾರಿ ಬಿಡಿಸಿ ಸರಿ ಮಾಡಿದೆ. ಡಾಕ್ಟರಮ್ಮ ಹಿಂದಿನ ದಿನ ಹುಟ್ಟಿದ ಕೂಸಿನ ಸಮಯವನ್ನೂ ತಿದ್ದಿಸಿದರು.

ಅದರ ಅಜ್ಜಿ ನನ್ನನ್ನು ಹುಡುಕಿಕೊಂಡು ಬಂದರು. ಹಳೇ ಸಮಯ ಹಿಡಿದು ಆಗಲೇ ಜಾತಕ ಬರೆಸಿದ್ದರಂತೆ. ರಾಜಯೋಗ, ಖಂಡಿತ ಕಲೆಕ್ಟರ್ ಎಂದಿದ್ದರಂತೆ ಜೋಯಿಸರು. ಹೊಸ ಸಮಯ ಹೇಳಿದ ಕೂಡಲೇ ಲಗ್ನವೇ ಬದಲಾಯಿತು.

"ಈಗೇನಂತೆ ಅಮ್ಮಾ?" ಎಂದೆ.

"ಕಂಪ್ಯೂಟರ್ ಕೆಲಸವಂತೆ," ಎಂದು ಅಜ್ಜಿ ಕಣ್ಣೊರೆಸಿಕೊಂಡರು. "ಹಳೇ ಟೈಮಿಗೇ ತಿರುಗಿಸಿಬಿಡು ನಾಯನಾ, ನಿನಗೆ ಪುಣ್ಯ ಬರುತ್ತೆ."

ಆಗುವುದಿಲ್ಲ ಅಮ್ಮಾ, ಹುಟ್ಟಿದ ಹೊತ್ತು ಹುಟ್ಟಿದ ಹೊತ್ತೇ ಎಂದೆ. ನಾನು ಇನ್ನೆರಡು ದಿನ ಬಿಟ್ಟು ಬಂದಿದ್ದರೆ ಅವರು ಖುಷಿಯಾಗಿ ಮನೆ ಸೇರಿರುತ್ತಿದ್ದರು.

ಅಜ್ಜಿ ನನ್ನ ಕೊರಳಿನ ಐಡಿ ಕಾರ್ಡು, ಬೆವರಿದ ಅಂಗಿ, ಕೈಯಲ್ಲಿದ್ದ ಕೇಬಲ್ಲಿನ ಸುರುಳಿ ಎಲ್ಲವನ್ನೂ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಸಿಟ್ಟೆಲ್ಲ ಇಳಿದು, ತುಂಬಾ ಕನಿಕರದಿಂದ ಕೇಳಿದರು:

"ನೀನು ಹುಟ್ಟಿದಾಗಲೂ ಯಾರೋ ಟೈಮ್ ಸರಿ ಮಾಡಿಬಿಟ್ಟರಾ ನಾಯನಾ?"