ಕಾರಜ್ಜಿ ಕಾರು ಮಾರಿದರೂ ಹಗ್ಗ ಕೊಡಲಿಲ್ಲ

ನೀವು ಕಾರಜ್ಜಿ ಎಂದು ಕರೆಯುವ ನನ್ನ ನಾದಿನಿ, ಅಂದರೆ ನಿಮ್ಮ ಅಜ್ಜನ ತಂಗಿ, ಇಡೀ ಆಯುಷ್ಯದಲ್ಲಿ ಒಂದೇ ಒಂದು ಸಲ ಬುದ್ಧಿವಂತಿಕೆಯ ಕೆಲಸ ಮಾಡಿದ್ದಾಳೆ. ಆ ಕೆಲಸ ಮಾಡಿಸಿದ ತಪ್ಪಿಗೆ ಅವಳು ನಮ್ಮನ್ನು ಇನ್ನೂ ಕ್ಷಮಿಸಿಲ್ಲ.

ಕೆಲಸ ಯಾವುದೆಂದು ನಿಮಗೆ ಗೊತ್ತೇ ಇದೆ. ಆ ಕೆಂಪು ಕಾರನ್ನು ಕೊಟ್ಟು, ಈಗ ಬೀದರಿನ ಚಿದ್ರಿಯಲ್ಲಿರುವ ನಮ್ಮ ಮನೆ ಮುಂದೆ ಬಂದು ನಿಂತರೆ ಕಿಟಕಿಗೆ ಬೆಳಕೇ ಬೀಳದ ಬಿಳಿ ಗಾಡಿಯನ್ನು ತಂದದ್ದು. ಆದರೆ ಅದರಲ್ಲಿ ನಾವು ಮೊದಲ ಸಲ ಔರಾದಕ್ಕೆ ಹೋದ ದಿನ, ಮರುದಿನ ಪರೀಕ್ಷೆ ಎಂದು ನೀವು ಬರಲಿಲ್ಲ. ಅಲ್ಲಿ ಏನಾಯಿತು ಎಂಬುದು ನಿಮಗೆ ಗೊತ್ತಿಲ್ಲ. ಬಾಯಲ್ಲಿ ಹೇಳೋಣವೆಂದರೆ ನಿಮ್ಮ ಈ ಅಜ್ಜಿಗೆ ನಾಲ್ಕು ಜನರ ಮುಂದೆ ನಾಲಿಗೆ ಏಳುವುದಿಲ್ಲ. ಹಳ್ಳಿಯ ಸಾಲೆಯಲ್ಲಿ ಕಲಿತ ಅಕ್ಷರಗಳಾದರೂ ಕೆಲಸಕ್ಕೆ ಬರಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಕಾರು ಬಂದ ಕಥೆ. ಕಾರಜ್ಜಿಯ ಮನೆ ಆಗಲೂ ಭಾಲ್ಕಿಯಲ್ಲೇ. ನೌಕರಿ ಔರಾದದಲ್ಲಿ, ದಿನಾ ಬಸ್ಸಿನಲ್ಲಿ ಹೋಗಿ ಬರುವ ದನದ ಡಾಕ್ಟರ್. ನಮ್ಮ ಅತ್ತೆಯವರು ಮಗಳಿಗೆ ಹೈದರಾಬಾದಿನಲ್ಲಿ ಒಂದು ವರ ಹುಡುಕಿ, ನೀನೇ ನೋಡಿಕೊಂಡು ಬಾ ಎಂದು ನಿಮ್ಮ ಅಜ್ಜನ ಜೊತೆ ಕಳಿಸಿದರು. ಬಸ್ಸಿನಲ್ಲಿ ಹೋದವರು ಕೆಂಪು ಕಾರಿನಲ್ಲಿ ಬಂದರು. ಬೀಗರೇ ಕಾರು ಕೊಟ್ಟು ಕಳಿಸಿದ್ದಾರೆಂದು ಅತ್ತೆ ಆರತಿ ತಟ್ಟೆ ಹಿಡಿದು ಓಡಿದರು.

"ಹುಡುಗ ಹ್ಯಾಂಗಿದ್ದ?"

"ಹುಡುಗ ಬರೋಬರ್ ಇದ್ದ ಅವ್ವಾ. ಆದ್ರ ಬಾಜು ಮನಿ ಮುಂದ ನಿಂತ ಗಾಡಿ ಅವನಕಿಂತ ಛಂದ ಇತ್ತು. ಮಾರ್ಲತ್ತಾರ ಅಂದ್ರು. ತಗೊಂಡೆ."

ಸಾಕ್ಷಿ ಹೇಳಬೇಕಾದ ನಿಮ್ಮ ಅಜ್ಜ ಹಿಂದಿನ ಸೀಟಿನಲ್ಲಿ ಸಿಕ್ಕಿಕೊಂಡು, ಒಂದು ಕಾಲು ಹೊರಗೆ ಒಂದು ಕಾಲು ಒಳಗೆ ಮಾಡಿ ಒದ್ದಾಡುತ್ತಿದ್ದರು. ಹಚ್ಚಿದ ದೀಪ ದಂಡವಾಗಬಾರದೆಂದು ಅತ್ತೆ ಕಾರಿಗೇ ಆರತಿ ಬೆಳಗಿದರು. ಆಮೇಲೆ ಅಡುಗೆಮನೆಗೆ ಹೋಗಿ ಅತ್ತರು.

ಆ ಕಾರಿನ ರೂಪ ನಿಮಗೆ ನೆನಪಿರಬಹುದು. ಬಾಗಿಲು ಎರಡೇ. ಹಿಂದೆ ಸೀಟು ಎಂಬುದೊಂದು ಇತ್ತು; ಅದನ್ನು ಮನುಷ್ಯರು ಕೂಡಲಿ ಎಂದು ಮಾಡಿದ್ದಲ್ಲ, ಸರಕಾರಕ್ಕೆ ತೋರಿಸಲು ಮಾಡಿದ್ದು. ಎತ್ತರವಂತೂ ಕೇಳಲೇಬೇಡಿ. ಒಳಗೆ ಕೂಡುವುದೆಂದರೆ ನೆಲದ ಮೇಲೆ ಪಂಕ್ತಿಗೆ ಕೂತ ಹಾಗೆ, ಎಲೆ ಮಾತ್ರ ಇಲ್ಲ. ಇಳಿಯುವಾಗ ಮೊದಲು ಸೆರಗು, ಆಮೇಲೆ ಕಾಲು, ಆಮೇಲೆ ದೇವರ ಹೆಸರು, ಕೊನೆಗೆ ನಾನು.

ಇಂಥ ಕಾರಿನಲ್ಲಿ ಅವಳು ಔರಾದದ ಹಳ್ಳಿಗಳಿಗೆ ದನ ನೋಡಲು ಹೋಗುತ್ತಿದ್ದಳು. ಮಿಕ್ಕ ಡಾಕ್ಟರುಗಳು ಜೀಪು ತರುತ್ತಾರೆ, ಇವಳು ಚಪ್ಪಲಿ ತಂದಳು ಎಂದು ಜನ ನಗುತ್ತಿದ್ದರಂತೆ. ಒಮ್ಮೆ ಒಬ್ಬ ರೈತನ ಕರು ಸತ್ತು, ಆಕಳು ಮೇವು ಬಿಟ್ಟಿತ್ತು. ಇವಳು ಹೋಗಿ ಕಾರು ನಿಲ್ಲಿಸಿದ್ದೇ ತಡ, ಆ ಆಕಳು ಬಂದು ಕಾರಿನ ಬಾನೆಟ್ಟನ್ನು ನೆಕ್ಕತೊಡಗಿತು.

"ಡಾಕ್ಟರ್‌ಬಾಯಿ, ಅದು ನಿಮ್ಮ ಗಾಡಿಗಿ ಕರಾ ಅಂತ ತಿಳಕೊಂಡದ್ರಿ," ಎಂದ ರೈತ ನಾಚಿಕೊಂಡು.

"ನೆಕ್ಕಲಿ ಬಿಡಪಾ. ನಾಳಿ ತೊಳಿಯೋದು ತಪ್ತು. ಮೊದಲ ಮೇವು ತಂದು ಅದರ ಮುಂದ ಹಾಕು."

ಕಾರು ನೆಕ್ಕುತ್ತಾ ಆಕಳು ಮೇವು ತಿಂದಿತು. ಆ ಕಾರಿನಿಂದ ಜಗತ್ತಿಗೆ ಏನಾದರೂ ಉಪಕಾರ ಆಗಿದ್ದರೆ ಅದೊಂದೇ ಎಂದು ನಾನು ಬಹಳ ದಿನ ತಿಳಿದಿದ್ದೆ.

ಇನ್ನು ಸ್ಪೀಡ್ ಬ್ರೇಕರ್. ನಮ್ಮ ಕಡೆಯ ರಸ್ತೆಯಲ್ಲಿ ಹಳ್ಳಿ ಇದ್ದಲ್ಲಿ ಬ್ರೇಕರ್ ಇರುತ್ತದೆ. ಹಳ್ಳಿ ಇಲ್ಲದಲ್ಲೂ, ಮುಂದೆ ಹಳ್ಳಿ ಹುಟ್ಟಬಹುದೆಂದು ಒಂದು ಹಾಕಿಟ್ಟಿರುತ್ತಾರೆ. ಇಬ್ಬರು ಕೂತರೆ ಕಾರಿನ ಹೊಟ್ಟೆ ಅದಕ್ಕೆ ತಾಗುತ್ತಿತ್ತು. ಆದ್ದರಿಂದ ಪ್ರತಿ ಬ್ರೇಕರಿಗೂ ನಾನು ಇಳಿಯಬೇಕು, ನಡೆದು ದಾಟಬೇಕು, ಹಿಂದಿನಿಂದ ಕಾರು ಹಗುರಾಗಿ ದಾಟಬೇಕು, ನಾನು ಮತ್ತೆ ಹತ್ತಬೇಕು. ಬೀದರಿನಿಂದ ಭಾಲ್ಕಿಗೆ ಕಾರಿನಲ್ಲಿ ಹೋದೆ ಎನ್ನುವುದಕ್ಕಿಂತ ಕಾರಿನ ಜೊತೆ ಹೋದೆ ಎನ್ನುವುದೇ ಖರೆ. ದಾರಿಯ ಚಹಾ ಅಂಗಡಿಯವನು ನನ್ನನ್ನು ಕಂಡ ಕೂಡಲೇ ಒಳಗೆ ಕೂಗುತ್ತಿದ್ದ: "ಎರಡು ಚಹಾ ಇಡು. ಅಮ್ಮಾರು ಬಂದ್ರು, ಹಿಂದ ಕಾರ್ ಬರ್ಲತ್ತದ."

ಇಷ್ಟು ಹೀಯಾಳಿಸುವವಳು ಅದರಲ್ಲಿ ಹತ್ತುತ್ತಿದ್ದದ್ದಾದರೂ ಯಾಕೆ ಎಂದು ಕೇಳುತ್ತೀರಾ? ಕೇಳಿ, ಕೇಳಬೇಕಾದದ್ದೇ.

ನಿಮ್ಮ ಅಜ್ಜ ಹೋದ ಮೇಲೆ ಮನೆಗೆ ಜನ ಬಂದರು, ಕೂತರು, ಸಮಾಧಾನ ಹೇಳಿದರು, ಹೋದರು. ನಾನು ಎಲ್ಲದಕ್ಕೂ ಹೂಂ ಎಂದೆ. ನಿಮ್ಮ ಅಪ್ಪ ಏನು ಕೇಳಿದರೂ ಹೂಂ. ಊಟ ಆಯಿತೇ, ಹೂಂ. ಮಲಗುತ್ತೀಯಾ, ಹೂಂ. ಹೀಗಿರುವಾಗ ಒಂದು ರವಿವಾರ ಕಾರಜ್ಜಿ ಭಾಲ್ಕಿಯಿಂದ ಬಂದು, ಬಾಗಿಲಲ್ಲಿ ಹಾರ್ನ್ ಹೊಡೆದು, "ವೈನಿ, ಹತ್ರಿ" ಎಂದು ಅತ್ತಿಗೆಯಾದ ನನ್ನನ್ನು ಕರೆದಳು. ಎಲ್ಲಿಗೆ ಎಂದು ಕೇಳಲಿಲ್ಲ, ಹತ್ತಿದೆ. ಊರ ಹೊರಗಿನ ಅಷ್ಟೂರು ಹಳ್ಳಿಗೆ ಹೋಗಿ ಸುಲ್ತಾನರ ಗುಮ್ಮಟಗಳ ಹತ್ತಿರ ಒಂದು ಬೇವಿನ ನೆರಳಲ್ಲಿ ನಿಲ್ಲಿಸಿದಳು. ಇಳಿಯಲಿಲ್ಲ. ಶೇಂಗಾ ಪೊಟ್ಟಣ ಬಿಚ್ಚಿ ಮುಂದಿನ ಗಾಜಿನ ಕಡೆ ನೋಡುತ್ತಾ ತಿನ್ನತೊಡಗಿದಳು. ನನ್ನ ಮುಖ ನೋಡಲಿಲ್ಲ. ಯಾರೂ ಮುಖ ನೋಡದಿದ್ದರೆ ನನಗೆ ಮಾತು ಬರುತ್ತದೆ ಎಂಬುದು ನನಗೇ ಅವತ್ತು ಗೊತ್ತಾಯಿತು.

ಆಮೇಲೆ ಪ್ರತಿ ರವಿವಾರ ಅದೇ. ಏನು ಮಾತಾಡುತ್ತಿದ್ದೆ? ಎಲ್ಲ. ಓಣಿಯ ಸುದ್ದಿ, ನನ್ನ ತವರಿನ ಸುದ್ದಿ, ನಿಮ್ಮ ಅಜ್ಜನ ಸುದ್ದಿ. ನಿಮ್ಮ ಅವ್ವನ ಬೇಳೆಸಾರಿನ ಸುದ್ದಿಯೂ ಬರುತ್ತಿತ್ತು. ಈ ಭಾಗವನ್ನು ಅವಳಿಗೆ ಓದಿ ಹೇಳಬೇಡಿ. ಊರೆಲ್ಲ ಮೂಕಿ ಎನ್ನುವ ನಾನು ಆ ಎರಡು ಬಾಗಿಲುಗಳ ನಡುವೆ ರೇಡಿಯೋ ಆಗಿಬಿಡುತ್ತಿದ್ದೆ. ಕೇಳುವವಳು ಒಬ್ಬಳೇ, ಅವಳ ಬಾಯಿ ತುಂಬ ಶೇಂಗಾ. ಇದಕ್ಕಿಂತ ಒಳ್ಳೆಯ ಸಭೆ ಎಲ್ಲಿ ಸಿಗುತ್ತದೆ?

ಹೀಗೆ ನಡೆದಿರುವಾಗ ಚಿಗವ್ವ ಜಾರಿ ಬಿದ್ದರು. ಚಿಗವ್ವ ಎಂದರೆ ಕಾರಜ್ಜಿಯ ಚಿಕ್ಕಮ್ಮ, ನನ್ನ ಸಣ್ಣತ್ತೆ, ಭಾಲ್ಕಿ ಕಡೆಯ ಖಟಕ ಚಿಂಚೋಳಿ ಎಂಬ ಹಳ್ಳಿಯವರು. ಹೊಸ್ತಿಲಲ್ಲಿ ಕಾಲು ಉಳುಕಿ ಬಾತುಕೊಂಡಿತ್ತು. ಸುದ್ದಿ ಕೇಳಿ ಕಾರಜ್ಜಿ ಕಾರು ಓಡಿಸಿಕೊಂಡು ಹೋದಳು. ಹೋಗಿ ಮಾಡಿದ್ದೇನು? ಚಿಗವ್ವನ ದೇಹ ನಿಮಗೆ ಗೊತ್ತೇ ಇದೆ, ಕಾಲು ಮಡಿಚಲು ಬರುವಂತಿರಲಿಲ್ಲ. ಹಿಂದೆ ಹಿಡಿಸಲಿಲ್ಲ, ಮುಂದೆ ಹಿಡಿಸಲಿಲ್ಲ. ಕೊನೆಗೆ ಓಣಿಯವರ ಟಂಟಂ ಆಟೋದಲ್ಲಿ ಹಾಸಿಗೆ ಹಾಸಿ ಭಾಲ್ಕಿಯ ದವಾಖಾನೆಗೆ ತಂದರು. ಟಂಟಂ ಮುಂದೆ, ಅದರ ಹಿಂದೆ ಖಾಲಿ ಸೀಟಿನ ಕೆಂಪು ಕಾರು.

ಕಾಲು ನೆಟ್ಟಗಾಗುವ ತನಕ ಇರಲೆಂದು ಚಿಗವ್ವನನ್ನು ನಮ್ಮ ಮನೆಗೆ ಕರೆತಂದೆವು. ನೋಡಲು ಬಂದ ನೆಂಟರೆಲ್ಲರ ಮುಂದೆ ಅವರದು ಒಂದೇ ಮಾತು.

"ಮನಿ ಮಗಳ ಹಂತೇಲಿ ಕಾರ್ ಅದ ಅಂತ ಹೆಸರು. ನಾ ಬಂದದ್ದು ಟಂಟಂದಾಗ, ಉಳ್ಳಾಗಡ್ಡಿ ಚೀಲದ ಹಾಂಗ."

ನೆಂಟರು ಸಭೆ ಸೇರಿಸಿದರು. ಚಿಗವ್ವನ ಅಳಿಯ ಅಧ್ಯಕ್ಷತೆ ವಹಿಸಿದ. ಅವನು ಯಾವ ಸಭೆಗೂ ಕರೆಯದೇ ಅಧ್ಯಕ್ಷನೇ. "ಇಬ್ಬರು ಕೂಡೋ ಗಾಡಿ ಯಾತರ ಗಾಡಿರಿ? ಸೈಕಲ್ ಮ್ಯಾಲ ಸುದ್ದಾ ಮೂವರು ಕೂಡ್ತಾರ," ಎಂದ. ಕಾರಜ್ಜಿ ಜಗಳಕ್ಕೆ ಏಳುತ್ತಾಳೆ ಎಂದು ನಾನು ಕಾದೆ. ಅವಳು ಚಿಗವ್ವನ ಬಾತ ಕಾಲನ್ನೇ ನೋಡುತ್ತಾ, "ಖರೆ ಅದ. ಕೊಟ್ಟು ಬಿಡ್ತೀನಿ" ಎಂದಳು.

ಎಲ್ಲರಿಗೂ ಖುಷಿ. ಏಳು ಸೀಟಿನ ಗಾಡಿ ಬರುತ್ತದೆ, ಬಸವಕಲ್ಯಾಣಕ್ಕೆ ಹೋಗೋಣ, ತುಳಜಾಪುರಕ್ಕೆ ಹೋಗೋಣ ಎಂದು ಅಲ್ಲಿಯೇ ಸೀಟು ಹಂಚಿಕೊಂಡರು. ವರ್ಷಗಟ್ಟಲೆ ಆ ಕಾರನ್ನು ಆಡಿಕೊಂಡ ನಾನೇ ಎಲ್ಲರಿಗಿಂತ ಹೆಚ್ಚು ಕುಣಿಯಬೇಕಿತ್ತು. ಆದರೆ ಏಳು ಸೀಟು ಎಂದರೆ ನಮ್ಮ ಮನೆತನದ ಲೆಕ್ಕದಲ್ಲಿ ಹತ್ತು ಜನ. ಹತ್ತು ಜನ ಎಂದರೆ ಇಪ್ಪತ್ತು ಕಿವಿ. ನನ್ನ ರವಿವಾರ ಮುಗಿಯಿತು ಎಂದು ತಿಳಿದುಕೊಂಡೆ. ಯಾರ ಮುಂದೆಯೂ ಹೇಳಲಿಲ್ಲ. ಹೇಳುವ ಜಾಗವನ್ನೇ ಮಾರಲು ಹೊರಟಿದ್ದರಲ್ಲ.

ಬೀದರಿನ ಶೋರೂಮಿಗೆ ಕಾರಜ್ಜಿ ನನ್ನನ್ನೂ ಕರೆದುಕೊಂಡು ಹೋದಳು. ಹೊಸ ಗಾಡಿಯನ್ನು ಅವಳು ಪರೀಕ್ಷೆ ಮಾಡಿದ್ದನ್ನು ನೀವು ನೋಡಬೇಕಿತ್ತು. ಸುತ್ತು ಹಾಕಿದಳು, ಪಕ್ಕೆ ತಟ್ಟಿದಳು, ಬಗ್ಗಿ ಹೊಟ್ಟೆಯ ಕೆಳಗೆ ನೋಡಿದಳು, ಬಾನೆಟ್ಟು ತೆರೆಸಿ ಹಲ್ಲು ಎಣಿಸುವವಳ ಹಾಗೆ ಮುಖ ಒಳಗೆ ಹಾಕಿದಳು.

"ಮೇವು ಎಷ್ಟು ತಿಂತದ?"

"ಮೇಡಂ?" ಎಂದ ಶೋರೂಮಿನ ಹುಡುಗ.

"ಡೀಸೆಲ್ ಕೇಳ್ಲತ್ತಾರಪಾ," ಎಂದು ನಾನು ಸೆರಗಿನೊಳಗೇ ಹೇಳಿದೆ.

ಎಲ್ಲ ಮುಗಿದು ಹಳೆಯ ಕಾರಿನ ಕೀಲಿ ಕೊಡುವ ಹೊತ್ತಿಗೆ ಅವಳು ಹಿಂದೆ ಹೋಗಿ ಡಿಕ್ಕಿ ತೆರೆದಳು. ಒಳಗೊಂದು ದಪ್ಪ ಹಗ್ಗ. ಕಾರು ದಾರಿಯಲ್ಲಿ ನಿಂತಾಗಲೆಲ್ಲ ಟ್ರ್ಯಾಕ್ಟರಿಗೆ ಕಟ್ಟಿ ಎಳೆಸಿಕೊಂಡು ಬರುತ್ತಿದ್ದ ಹಗ್ಗ. ಅದನ್ನು ಸುತ್ತಿ ಹೆಗಲಿಗೆ ಹಾಕಿಕೊಂಡಳು.

"ದನ ಮಾರಿದ್ರ ಹಗ್ಗ ಕೊಡಂಗಿಲ್ಲ ನಾವು. ಹಗ್ಗದ ಜೋಡಿ ಮನಿ ಲಕ್ಷ್ಮಿ ಹೋಗ್ತಾಳ."

"ಇಟ್ಕೊರಿ ಮೇಡಂ. ನಮಗ ಗಾಡಿ ಕೊಟ್ರ ಸಾಕು."

ಅವಳು ಕೆಂಪು ಕಾರಿನ ಬೆನ್ನ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ನಿಂತಳು. ಆಮೇಲೆ ಬಿಳಿ ಗಾಡಿ ಹತ್ತಿ, ಹೆಗಲ ಮೇಲಿನ ಹಗ್ಗ ತೆಗೆಯದೆಯೇ ಭಾಲ್ಕಿಯ ತನಕ ಓಡಿಸಿದಳಂತೆ. ಅದಕ್ಕೆ ಮೊದಲು ನನ್ನನ್ನು ಚಿದ್ರಿಯಲ್ಲಿ ಇಳಿಸಿದಳು. ಎತ್ತರದ ಸೀಟಿನಿಂದ ಬಸ್ಸಿನಿಂದ ಇಳಿದ ಹಾಗೆ ಸಲೀಸಾಗಿ ಇಳಿದೆ. ಅಷ್ಟು ಸುಖವಾಗಿ ಇಳಿದು ಅಷ್ಟು ಬೇಸರ ಪಟ್ಟವಳು ನಾನೊಬ್ಬಳೇ ಇರಬೇಕು.

ಮುಂದಿನ ರವಿವಾರ ಔರಾದದಲ್ಲಿ ಚಿಗವ್ವನ ಮೊಮ್ಮಗನ ನಿಶ್ಚಯ. ಎಲ್ಲರೂ ನಮ್ಮ ಮನೆಯಲ್ಲೇ ಸೇರಿದರು. ಹಣ್ಣಿನ ಬುಟ್ಟಿ, ಸೀರೆ, ಸಕ್ಕರೆ ಎಲ್ಲ ಗಾಡಿಗೆ ಹೋಯಿತು, ಆಮೇಲೆ ಜನ ಹೋದರು. ನಾನು ಎಲ್ಲರೂ ಹತ್ತಲಿ, ಉಳಿದ ಮೂಲೆಯಲ್ಲಿ ತೂರಿಕೊಳ್ಳೋಣ ಎಂದು ಬಾಗಿಲ ಹತ್ತಿರ ನಿಂತಿದ್ದೆ. ಮುಂದಿನ ಸೀಟು ಅಳಿಯನಿಗೆ ಎಂಬುದನ್ನು ಯಾರೂ ಹೇಳಬೇಕಾಗಿರಲಿಲ್ಲ. ಅವನು ಬಾಗಿಲು ತೆರೆದ. ಸೀಟಿನ ಮೇಲೆ ಒಂದು ಟವೆಲ್ ಹಾಸಿತ್ತು.

"ಯಾರದ್ರಿ ಇದು?"

"ನಂದು. ಸೀಟ್ ಹಿಡಿದೀನಿ," ಎಂದಳು ಕಾರಜ್ಜಿ.

"ನಿಮ್ಮ ಗಾಡ್ಯಾಗ ನೀವೇ ಟವೆಲ್ ಹಾಕಿ ಸೀಟ್ ಹಿಡಿತೀರಿ?"

"ಔರಾದ ಬಸ್ಸಿನಾಗ ಕಲ್ತ ವಿದ್ಯಾರಿ. ಹೋಗಂಗಿಲ್ಲ. ಅದು ವೈನಿ ಜಾಗಾ. ನೀವು ಹಿಂದ ಕೂಡ್ರಿ."

ಅಳಿಯನ ಮುಖ ನೋಡುವಂತಿತ್ತು. ಆದರೆ ನಾನು ನೋಡಲಿಲ್ಲ, ನೆಲ ನೋಡುತ್ತಿದ್ದೆ. ನಡುವಿನ ಸಾಲಿನಿಂದ ಚಿಗವ್ವ ಮೆಲ್ಲಗೆ, "ಶುಭಕಾರ್ಯಕ್ಕ ಹೊಂಟೀವಿ ತಂಗಿ. ಮುಂದ ಆಕಿ..." ಎಂದು ನಿಲ್ಲಿಸಿದರು. ಪೂರ್ತಿ ಮಾಡುವ ಅಗತ್ಯವೇ ಇರಲಿಲ್ಲ. ಗಂಡ ಸತ್ತ ಹೆಂಗಸು ಆ ಮಾತಿನ ಉಳಿದರ್ಧವನ್ನು ತಾನೇ ತುಂಬಿಕೊಳ್ಳುತ್ತಾಳೆ. ನಾನು ಹಿಂದಿನ ಬಾಗಿಲಿಗೆ ಹೆಜ್ಜೆ ಇಟ್ಟೆ.

ಗಾಡಿಯ ಸದ್ದು ನಿಂತಿತು. ಕಾರಜ್ಜಿ ಎಂಜಿನ್ ಬಂದ್ ಮಾಡಿ, ಕೀಲಿ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದಳು.

"ವೈನಿ ಮುಂದ ಕೂಡತನಕ ಗಾಡಿ ಹೊಂಡಂಗಿಲ್ಲ. ಟಂಟಂ ಕರಸ್ಲೇನು ಚಿಗವ್ವ?"

ಚಿಗವ್ವ ತಮ್ಮ ಕಾಲು ನೋಡಿಕೊಂಡರು. ಅಳಿಯ ಗಡಿಯಾರ ನೋಡಿಕೊಂಡ. ಆಮೇಲೆ ಅಧ್ಯಕ್ಷರು ಕಡೆಯ ಸಾಲಿಗೆ ಹೋಗಿ, ಮೊಣಕಾಲು ಗದ್ದಕ್ಕೆ ಹಚ್ಚಿ, ಬುಟ್ಟಿಗಳ ನಡುವೆ ಕೂತರು. ನಾನು ಟವೆಲ್ ಮಡಿಚಿ ತೊಡೆಯ ಮೇಲೆ ಇಟ್ಟುಕೊಂಡು ಮುಂದೆ ಕೂತೆ.

ಊರು ದಾಟಿದೆವು. ಎರಡೂ ಕಡೆ ತೊಗರಿ ಹೊಲ. ಒಂದು ಬ್ರೇಕರ್ ಬಂತು; ಗಾಡಿ ಅದನ್ನು ಗಮನಿಸಲೂ ಇಲ್ಲ. ಕಾರಜ್ಜಿ ರಸ್ತೆ ನೋಡುತ್ತಲೇ ಹೇಳಿದಳು:

"ಮಾತಾಡ್ರಿ ವೈನಿ. ನೀವು ಸುಮ್ಮ ಕುಂತ್ರ ನನಗ ಗಾಡಿ ಹೊಡಿಲಾಕ ಬರಂಗಿಲ್ಲ."

ಹಿಂದೆ ಅಷ್ಟೂ ಕಿವಿಗಳು. ಶುಭಕಾರ್ಯದ ದಾರಿಯಲ್ಲಿ ನನ್ನಂಥವಳು ಏನು ಮಾತಾಡಬೇಕು? ನನಗೆ ಗೊತ್ತಿದ್ದ ನಿಶ್ಚಯ ಒಂದೇ, ನನ್ನದು. ಮುಂದಿನ ಗಾಜನ್ನೇ ನೋಡುತ್ತಾ, ಕೇಳಿಸಿಯೂ ಕೇಳಿಸದ ಹಾಗೆ ಶುರು ಮಾಡಿದೆ.

"ನಮ್ಮ ನಿಶ್ಚಯಕ್ಕ ನಿಮ್ಮ ಅಣ್ಣಾವ್ರು ಜೀಪಿನಾಗ ಬಂದಿದ್ರು. ಜೀಪಿನಾಗ ಜಾಗಾ ಇರಲಿಲ್ಲಂತ. ಬಾಳಿಹಣ್ಣಿನ ಬುಟ್ಟಿ ಮ್ಯಾಲ ಕೂಡಿಸಿದ್ರಂತ. ಬಿಳಿ ಪ್ಯಾಂಟು."

ಕಾರಜ್ಜಿಯ ಭುಜ ಅಲುಗಿತು. ಈ ಕಥೆ ಅವಳಿಗೂ ಹೊಸದು.

"ನಮ್ಮ ಮನ್ಯಾಗ ಕೂಡ್ರಿ ಕೂಡ್ರಿ ಅಂದ್ರ ಕೂಡಲಿಲ್ಲ. ಬೆನ್ನ ತೋರಿಸಿ ಹೊಳ್ಳಲೂ ಇಲ್ಲ. ಶಾಸ್ತ್ರ ಮುಗಿಯೋತನಕ ಗ್ವಾಡಿಗಿ ಬೆನ್ನ ಹಚ್ಚಿ ನಿಂತರು. ನಮ್ಮಪ್ಪ ಊರ ಮಂದಿ ಮುಂದ ಹೇಳ್ದ, ಹುಡುಗ ಭಾಳ ಸಂಸ್ಕಾರವಂತ, ಹಿರ್ಯಾರ ಮುಂದ ಕೂಡಂಗಿಲ್ಲ ಅಂತ."

ಕಾರಜ್ಜಿ ನಗು ತಡೆಯಲಾರದೆ ಗಾಡಿ ನಿಧಾನ ಮಾಡಿದಳು. ಕಡೆಯ ಸಾಲಿನಲ್ಲಿ ಬುಟ್ಟಿಗಳ ನಡುವೆ ಅಳಿಯ ಒಂದು ಸಲ ಕೆಮ್ಮಿ, ತನ್ನ ಪ್ಯಾಂಟು ಮುಟ್ಟಿ ನೋಡಿಕೊಂಡ. ನಾನು ಮಾತು ನಿಲ್ಲಿಸಿದೆ. ಆಗ ನನ್ನ ಬೆನ್ನ ಹಿಂದಿನಿಂದ ಚಿಗವ್ವನ ಕೈ ಬಂದು ನನ್ನ ಭುಜ ತಟ್ಟಿತು.

"ಏ ತಂಗಿ, ಯಾಕ ನಿಲ್ಲಿಸ್ದಿ? ಜರಾ ಜೋರ್ ಹೇಳು. ಹಿಂದ ನಮಗ ಕೇಳಸ್ವಲ್ದು."